ವಿದೇಶಿ ಹೂಡಿಕೆಯ ಕೋಟಾ ಮತ್ತು ಆರನೆಯ ಮಹಡಿಯ ಲಿಫ್ಟ್

ವಿದೇಶಿ ಹೂಡಿಕೆಯ ಕೋಟಾ ಹಂಚುವ ಕಚೇರಿಯ ಮಾನ್ಯ ಮುಖ್ಯಸ್ಥರೇ,

ಕಳೆದ ಚಳಿಗಾಲದ ಒಂದೇ ವಾರದಲ್ಲಿ ನನ್ನ ಅಕ್ಕ ಮೆಂಗ್ ಶುಯಿಂಗ್ ತನ್ನ ಉಳಿತಾಯದ ಐದನೆಯ ಒಂದು ಪಾಲನ್ನು ಕಳೆದುಕೊಂಡಳು. ಅದು ಹೋದದ್ದು ನ್ಯೂಯಾರ್ಕಿನ ಷೇರುಪೇಟೆಯಲ್ಲಲ್ಲ, ನಿಮ್ಮ ಮೇಜಿನ ಮೇಲೆ. ಆ ವಾರ ನ್ಯೂಯಾರ್ಕಿನ ಪೇಟೆ ಏರಿತ್ತು. ಅಕ್ಕ ಕೊಂಡಿದ್ದ ವಸ್ತುವಿನ ಬೆಲೆ ಅದರ ತವರಿನಲ್ಲಿ ಹೆಚ್ಚಾಯಿತು, ಅಕ್ಕನ ಕೈಯಲ್ಲಿ ಕಡಿಮೆಯಾಯಿತು. ಇಂಥ ಪವಾಡ ಹೇಗೆ ನಡೆಯುತ್ತದೆಂದು ನಿಮಗೆ ವಿವರಿಸುವ ಅಗತ್ಯವಿಲ್ಲ, ಪವಾಡ ನಿಮ್ಮದೇ. ಆದರೆ ಇದು ಬಹಿರಂಗ ಪತ್ರವಾದ್ದರಿಂದ ಉಳಿದ ಓದುಗರ ಸಲುವಾಗಿ ವಿವರಿಸುತ್ತೇನೆ. ತಪ್ಪಿದ್ದರೆ ತಿದ್ದಿ, ಈವರೆಗೆ ನಿಮ್ಮ ಕಚೇರಿಯಿಂದ ಬಾರದ ಉತ್ತರ ಆ ನೆಪದಲ್ಲಾದರೂ ಬರಲಿ.

ನಾನು ಲುವೊಯಾಂಗ್ ನಗರದಲ್ಲಿ ಲಿಫ್ಟ್‌ಗಳ ಸುರಕ್ಷತೆಯನ್ನು ಪರೀಕ್ಷಿಸುವ ಇಂಜಿನಿಯರ್. ಷೇರು ಕೊಂಡವನಲ್ಲ, ಕೊಳ್ಳುವ ಆಸೆಯೂ ಇಲ್ಲ. ಪತ್ರಿಕೆಗಳಿಗೆ ಬರೆಯುವ ಅಭ್ಯಾಸವೂ ನನಗಿಲ್ಲ. ಅಕ್ಕ ಒತ್ತಾಯಿಸಿದ್ದರಿಂದ ಬರೆಯುತ್ತಿದ್ದೇನೆ. ಆ ಒತ್ತಾಯದ ಬಗ್ಗೆ ಮುಂದೆ ಹೇಳುತ್ತೇನೆ.

ಅಕ್ಕ ಇರುವುದು ಟ್ರ್ಯಾಕ್ಟರ್ ಕಾರ್ಖಾನೆಯ ಹಳೆಯ ಕಾರ್ಮಿಕ ವಸತಿಯಲ್ಲಿ, ಕೆಂಪು ಇಟ್ಟಿಗೆಯ ಕಟ್ಟಡದ ಆರನೆಯ, ಅಂದರೆ ಕೊನೆಯ ಮಹಡಿಯಲ್ಲಿ. ಕಟ್ಟಿದ ಕಾಲದಲ್ಲಿ ಲಿಫ್ಟ್ ಎಂಬ ಯೋಚನೆಯೇ ಇರಲಿಲ್ಲ. ಆಗ ಎಲ್ಲರಿಗೂ ಇಪ್ಪತ್ತೈದು ವರ್ಷ. ಭಾವ ಲೂ ತಿಂಗ್‌ಷಾನ್ ಅದೇ ಕಾರ್ಖಾನೆಯಲ್ಲಿ ಅಚ್ಚು ತಯಾರಿಸುತ್ತಿದ್ದವರು. ಪಾರ್ಶ್ವವಾಯು ಬಡಿದು ಬಲಗಾಲು ಸ್ವಾಧೀನ ತಪ್ಪಿದ ಮೇಲೆ, ಆಸ್ಪತ್ರೆಗೆ ಕುರ್ಚಿಯಲ್ಲಿ ಹೊತ್ತೊಯ್ದ ಎರಡು ಸಲ ಬಿಟ್ಟರೆ, ಅವರು ನೆಲ ಮುಟ್ಟಿಲ್ಲ. ಬೀದಿ ತಿರುವಿನಲ್ಲಿ ದನದ ಮಾಂಸದ ಸೂಪಿನ ಅಂಗಡಿ ಇದೆ. ಮೂವತ್ತು ವರ್ಷ ಪ್ರತಿ ಬೆಳಿಗ್ಗೆ ಅಲ್ಲಿ ರೊಟ್ಟಿಯ ಎಳೆಗಳನ್ನು ಸೂಪಿಗೆ ಹಾಕಿಕೊಂಡು ತಿಂದ ಮನುಷ್ಯ. ಈಗ ಅಕ್ಕ ಡಬ್ಬಿಯಲ್ಲಿ ತಂದುಕೊಡುತ್ತಾಳೆ. ಆರು ಮಹಡಿ ಹತ್ತುವಷ್ಟರಲ್ಲಿ ರೊಟ್ಟಿ ಮುದ್ದೆಯಾಗಿರುತ್ತದೆ. ಭಾವ ದೂರುವುದಿಲ್ಲ, ತಿನ್ನುವುದೂ ಇಲ್ಲ.

ಹಳೆಯ ಕಟ್ಟಡಗಳಿಗೆ ಹೊರಗಿನಿಂದ ಲಿಫ್ಟ್ ಕೂರಿಸುವ ಯೋಜನೆ ಬಂದಾಗ ಆ ಮೆಟ್ಟಿಲನ್ನು ಬಳಸುವ ಮನೆಯವರೆಲ್ಲ ಸಭೆ ಸೇರಿದರು. ಪದ್ಧತಿ ಎಲ್ಲರಿಗೂ ಗೊತ್ತು: ಮಹಡಿ ಏರಿದಂತೆ ಪಾಲು ಏರುತ್ತದೆ, ನೆಲಮಹಡಿಯವರು ಕೊಡಬೇಕಾಗಿಲ್ಲ, ಆದರೆ ಅವರೂ ಒಪ್ಪಲೇಬೇಕು. ನೆಲಮಹಡಿಯ ಜಿಯಾವೊ, ಅದೇ ಕಾರ್ಖಾನೆಯ ಎರಕ ವಿಭಾಗದ ನಿವೃತ್ತ ಮೇಸ್ತ್ರಿ, ಒಪ್ಪಲಿಲ್ಲ. ಲಿಫ್ಟಿನ ಗೂಡು ತನ್ನ ಕಿಟಕಿಯ ಬೆಳಕು ನುಂಗುತ್ತದೆಂಬುದು ಅವನ ವಾದ. ವಾದ ಸುಳ್ಳಾಗಿರಲಿಲ್ಲ. ಮೂರು ವರ್ಷ ಹಗ್ಗಜಗ್ಗಾಟ ನಡೆಯಿತು. ಆರನೆಯ ಮಹಡಿಯ ದೊಡ್ಡ ಪಾಲನ್ನು ಒಟ್ಟುಗೂಡಿಸಿ ಇಟ್ಟುಕೊಂಡಿದ್ದ ಅಕ್ಕನ ಹಣ ಮೊದಮೊದಲು ಬ್ಯಾಂಕಿನಲ್ಲಿ ಸುಮ್ಮನೆ ಮಲಗಿತ್ತು, ಅದರ ಬಡ್ಡಿ ವರ್ಷದಿಂದ ವರ್ಷಕ್ಕೆ ಸೊರಗುತ್ತ ಹೋಯಿತು.

ಮಾನ್ಯರೇ, ಅಕ್ಕ ಜೂಜುಗಾತಿಯಲ್ಲ. ಕಾರ್ಖಾನೆಯಲ್ಲಿ ಕ್ರೇನ್ ನಡೆಸಿದವಳು; ಕೆಳಗೆ ಜನ ನಿಂತಿರುವಾಗ ತಲೆಯ ಮೇಲೆ ತೂಕ ತೂಗಾಡಿಸುವುದು ಏನೆಂದು ಬಲ್ಲವಳು. ಬ್ಯಾಂಕಿನ ಗೋಡೆಯ ಮೇಲೆ ಒಂದು ಭಿತ್ತಿಪತ್ರವಿತ್ತು: ವಿವೇಕಿಗಳು ಹೂಡಿಕೆಯನ್ನು ಹಲವೆಡೆ ಹಂಚುತ್ತಾರೆ. ಮನೆಯ ಬೆಲೆ ಕುಸಿಯುತ್ತಿತ್ತು, ದೇಶದೊಳಗಿನ ಫಂಡುಗಳೂ ಕುಸಿಯುತ್ತಿದ್ದವು. ವಿವೇಕಿಯಾಗುವ ಆಸೆಯಿಂದ ಅವಳು ಅಮೆರಿಕದ ಕಂಪನಿಗಳ ಷೇರು ಕೊಳ್ಳುವ ಒಂದು ಫಂಡಿನಲ್ಲಿ ಸ್ವಲ್ಪ ಸ್ವಲ್ಪವೇ ಹಾಕತೊಡಗಿದಳು. ಪೂರ್ತಿ ಕಾನೂನುಬದ್ಧ ಫಂಡು, ಅದಕ್ಕೆ ನೀವೇ ಅನುಮತಿ ಕೊಟ್ಟವರು.

ಆದರೆ ಇಂಥ ಫಂಡು ನಡೆಸುವ ಪ್ರತಿಯೊಂದು ಸಂಸ್ಥೆ ದೇಶದ ಹೊರಗೆ ಎಷ್ಟು ಡಾಲರ್ ಒಯ್ಯಬಹುದೆಂಬ ಮಿತಿಯನ್ನೂ ನೀವೇ ಗೊತ್ತು ಮಾಡುತ್ತೀರಿ. ಆ ಕೋಟಾ ತುಂಬುತ್ತ ಬಂದಂತೆ ಫಂಡಿನವರು ಒಬ್ಬರು ದಿನಕ್ಕೆ ಎಷ್ಟು ಕೊಳ್ಳಬಹುದೆಂಬುದನ್ನು ಕತ್ತರಿಸುತ್ತ ಹೋದರು. ಮೊದಲು ಸಾವಿರ ಯುವಾನ್, ಆಮೇಲೆ ನೂರು, ಕೊನೆಗೆ ಹತ್ತು. ಅಕ್ಕ ಫೋನಿನಲ್ಲಿ ನಕ್ಕಿದ್ದಳು. "ದಿನಾ ಬೆಳಗೆದ್ದು ಅಮೆರಿಕಕ್ಕೆ ಒಂದು ಬಟ್ಲು ಸೂಪು ಕಳಿಸ್ತಿದೀನಿ ಕಣೋ. ಅವರಿಗಾದ್ರೂ ಬಿಸಿಬಿಸಿ ತಲುಪತ್ತಾ ಅಂತ." ಮುಂದೆ ಆ ಬಟ್ಟಲೂ ನಿಂತಿತು. ಹೊಸ ಖರೀದಿಗೆ ಬಾಗಿಲು ಮುಚ್ಚಲಾಗಿದೆ ಎಂಬ ಪ್ರಕಟಣೆ ಬಂತು.

ಬಾಗಿಲು ಮುಚ್ಚಿದರೂ ಕಿಟಕಿ ತೆರೆದಿತ್ತು. ಅದೇ ಫಂಡಿನ ಹಳೆಯ ಪಾಲುಗಳನ್ನು ಷೇರು ವಿನಿಮಯ ಕೇಂದ್ರದಲ್ಲಿ ಜನ ತಮ್ಮತಮ್ಮಲ್ಲೇ ಮಾರಿ ಕೊಳ್ಳಬಹುದಿತ್ತು. ಕೊಳ್ಳುವವರು ಹೆಚ್ಚು, ಹೊಸ ಪಾಲು ಹುಟ್ಟುವಂತಿಲ್ಲ. ಹೀಗಾಗಿ ನೂರರ ಮಾಲು ನೂರ ಮೂವತ್ತಕ್ಕೆ ಬಿಕರಿಯಾಗುತ್ತಿತ್ತು. ವಸಂತ ಹಬ್ಬಕ್ಕೆ ಊರಿಗೆ ಹೋಗುವವರು ರೈಲು ಟಿಕೇಟನ್ನು ಕಾಳಸಂತೆಯಲ್ಲಿ ಕೊಂಡ ಕಾಲ ನಿಮಗೂ ನೆನಪಿರಬೇಕು. ಆಗ ಸರ್ಕಾರ ಹೆಚ್ಚಿನ ರೈಲು ಬಿಟ್ಟಿತು. ಊರಿಗೆ ಹೋಗುವ ಆಸೆ ಅವಿವೇಕವೆಂದು ನಿಲ್ದಾಣದಲ್ಲಿ ಫಲಕ ಹಾಕಲಿಲ್ಲ.

ಇಲ್ಲಿ ಫಲಕ ಹಾಕಲಾಯಿತು. ಪ್ರತಿ ಬೆಳಿಗ್ಗೆ ವಹಿವಾಟನ್ನು ಒಂದು ತಾಸು ತಡೆಹಿಡಿದು ಫಂಡಿನವರು ಎಚ್ಚರಿಕೆ ಹೊರಡಿಸುತ್ತಿದ್ದರು: ಬೆಲೆ ನಿಜಮೌಲ್ಯಕ್ಕಿಂತ ಬಹಳ ಮೇಲಿದೆ, ವಿವೇಚನೆಯಿಲ್ಲದೆ ಹೂಡುವವರು ಭಾರೀ ನಷ್ಟಕ್ಕೆ ಗುರಿಯಾಗಬಹುದು. ಬೆಲೆ ಏಕೆ ಮೇಲಿದೆ ಎಂಬ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಅಕ್ಕ ಅದನ್ನು ಓದಿದ್ದಳು. ತಿಂಗಳುಗಟ್ಟಲೆ ಮೇಲೆಯೇ ಇರುವ ಬೆಲೆ ಇನ್ನಷ್ಟು ತಿಂಗಳು ಇರಬಹುದೆಂದುಕೊಂಡು, ಉಳಿದ ಹಣವನ್ನೆಲ್ಲ ಆ ಕಿಟಕಿಯಲ್ಲೇ ಹಾಕಿದಳು. ಕೋಟಾ ಯಾವಾಗ ಹೆಚ್ಚುತ್ತದೆಂದು ತಿಳಿಯುವ ಮಾರ್ಗ ಅವಳಿಗಿತ್ತೇ? ಯಾರಿಗಾದರೂ ಇತ್ತೇ? ನೀವು ಅದನ್ನು ಮುಂಚಿತವಾಗಿ ಯಾವ ಗೋಡೆಯ ಮೇಲೆ ಅಂಟಿಸಿದ್ದಿರಿ?

ಆ ಚಳಿಗಾಲದಲ್ಲಿ ಎರಡು ಒಳ್ಳೆಯ ಸುದ್ದಿ ಒಟ್ಟಿಗೆ ಬಂದವು. ಗೂಡನ್ನು ಗಾಜಿನಲ್ಲಿ ಕಟ್ಟುವುದಾದರೆ ಆಗಬಹುದೆಂದು ಜಿಯಾವೊ ಒಪ್ಪಿದ. ವಾರದೊಳಗೆ ಎಲ್ಲರೂ ಪಾಲಿನ ಹಣ ತುಂಬಬೇಕಾಯಿತು. ಅದೇ ವಾರ ನೀವು ಉದಾರಿಗಳಾಗಿ ಸಂಸ್ಥೆಗಳಿಗೆ ಹೊಸ ಕೋಟಾ ಹಂಚಿದಿರಿ. ಫಂಡಿನ ಬಾಗಿಲು ತೆರೆಯಿತು, ಹೊಸ ಪಾಲುಗಳು ಹುಟ್ಟಿದವು, ಮೇಲಿನ ಮೂವತ್ತು ಆವಿಯಾಯಿತು. ಅಕ್ಕ ಕಾಯುವಂತಿರಲಿಲ್ಲ. ಮಾರಿದಳು.

ನಾನು ಆ ನಷ್ಟವನ್ನು ಬಿಡಿಸಿ ನೋಡಿದೆ, ವೃತ್ತಿಯ ಚಾಳಿ. ಅಮೆರಿಕದ ಪೇಟೆಯಿಂದ ಬಂದ ನಷ್ಟ: ಇಲ್ಲ, ತುಸು ಲಾಭ. ಡಾಲರಿನ ದರದಿಂದ: ಲೆಕ್ಕಕ್ಕಿಲ್ಲದಷ್ಟು. ಉಳಿದುದೆಲ್ಲ ಕೋಟಾದ ಕೊರತೆಯಲ್ಲಿ ಹುಟ್ಟಿ ಕೋಟಾದ ವಿತರಣೆಯಲ್ಲಿ ಸತ್ತದ್ದು. ಅಕ್ಕ ತಾನು ವಿದೇಶಿ ಷೇರು ಕೊಂಡೆನೆಂದು ತಿಳಿದಿದ್ದಳು. ನಿಜವಾಗಿ ಅವಳು ಹೆಚ್ಚಿನ ಬೆಲೆ ಕೊಟ್ಟು ಕೊಂಡದ್ದು ನಿಮ್ಮ ಕಚೇರಿ ತಯಾರಿಸಿದ ಅಭಾವವನ್ನು. ಆ ಸರಕಿನ ಏಕೈಕ ಉತ್ಪಾದಕರು ನೀವು, ಅದನ್ನು ಯಾವಾಗ ಹಿಂತೆಗೆಯುತ್ತೀರೆಂದು ತಿಳಿದವರೂ ನೀವೊಬ್ಬರೇ.

ನಿಮ್ಮ ಸಹಾಯವಾಣಿಗೆ ಕರೆ ಮಾಡಿದೆ. ಸೌಜನ್ಯದ ದನಿಯ ಹುಡುಗಿಯೊಬ್ಬಳು, ಕೋಟಾ ಕೊಡುವುದು ಸಂಸ್ಥೆಗಳಿಗೆ, ಬಿಡಿ ವ್ಯಕ್ತಿಗಳಿಗೂ ಕಚೇರಿಗೂ ಸಂಬಂಧವಿಲ್ಲ ಎಂದಳು. ಫಂಡಿನವರು ಕೋಟಾ ತಮ್ಮ ಕೈಯಲ್ಲಿಲ್ಲ ಎಂದರು, ಎಚ್ಚರಿಕೆಯ ಪ್ರತಿಯನ್ನು ಮತ್ತೊಮ್ಮೆ ಕಳಿಸಿಕೊಟ್ಟರು. ವಿನಿಮಯ ಕೇಂದ್ರದವರ ಪ್ರಕಾರ ಬೆಲೆ ನಿರ್ಧರಿಸಿದ್ದು ಮಾರುಕಟ್ಟೆ. ನನ್ನ ವೃತ್ತಿಯಲ್ಲಿ ಅಪಘಾತವಾದರೆ ವರದಿಯಲ್ಲಿ ಕಾರಣ ಬರೆಯಬೇಕು. ಹಗ್ಗ ಸವೆದಿತ್ತು, ಬ್ರೇಕಿಗೆ ಎಣ್ಣೆ ತಾಗಿತ್ತು, ಹೀಗೆ ಏನಾದರೊಂದು. "ಪ್ರಯಾಣಿಕರು ವಿವೇಚನೆಯಿಲ್ಲದೆ ಒಳಹೊಕ್ಕರು" ಎಂದು ಬರೆದರೆ ನನ್ನ ಪರವಾನಗಿ ಅಂದೇ ರದ್ದಾಗುತ್ತದೆ. ನಿಮ್ಮ ಕ್ಷೇತ್ರದಲ್ಲಿ ಅದೊಂದೇ ಕಾರಣ ಸಾಕಾಗುತ್ತದೆಂದು ತಿಳಿದು ಅಸೂಯೆಯಾಯಿತು.

ವಿದೇಶಿ ವಿನಿಮಯವನ್ನು ಕಾಯುವುದು ನಿಮ್ಮ ಧರ್ಮ, ಅದರಲ್ಲಿ ತಕರಾರಿಲ್ಲ. ಮಿತಿಯಿಲ್ಲದ ಲಿಫ್ಟನ್ನು ನಾನೂ ಒಪ್ಪುವವನಲ್ಲ. ಆದರೆ ಎಷ್ಟು ಜನ ಹತ್ತಬಹುದೆಂಬುದನ್ನು ಒಳಗೆ ಎಲ್ಲರ ಕಣ್ಣಿಗೂ ಬೀಳುವಂತೆ ಬರೆದಿರುತ್ತೇವೆ. ಹೆಚ್ಚಾದರೆ ಗಂಟೆ ಬಾರಿಸುತ್ತದೆ, ಕೊನೆಗೆ ಹತ್ತಿದವರು ಇಳಿದು ಮುಂದಿನದಕ್ಕೆ ಕಾಯುತ್ತಾರೆ. ಮುಂದಿನದು ಬರುತ್ತದೆಂದು ಅವರಿಗೆ ಗೊತ್ತಿರುತ್ತದೆ. ಆ ಒಂದು ತಿಳಿವಳಿಕೆಯನ್ನು ನೀವು ನಮಗೆ ಏಕೆ ಕೊಡಲಾರಿರಿ?

ಇನ್ನು ಪಾಲು ತುಂಬುವ ಸಭೆಯ ವಿಷಯ, ಅಲ್ಲಿ ನಾನೂ ಇದ್ದೆ. ಅಕ್ಕ ಯಾರಿಂದಲೂ ಮುಚ್ಚಿಡಲಿಲ್ಲ. ಎಲ್ಲರೆದುರು ಎದ್ದುನಿಂತು, ತನ್ನ ಪಾಲಿನಲ್ಲಿ ಇಷ್ಟು ಕಡಿಮೆಯಾಗಿದೆ, ಹೀಗಾಗಿ ಕಡಿಮೆಯಾಗಿದೆ ಎಂದಳು. ಆಮೇಲೆ ಜಿಯಾವೊ ಸಿಗರೇಟು ಹಚ್ಚಿಕೊಂಡು, "ನೋಡು ತಾಯಿ, ಅಮೆರಿಕದವರ ಲಿಫ್ಟ್ ಹತ್ತಕ್ಕೆ ಹೋಗಿ ನಮ್ಮ ಲಿಫ್ಟಿಗೆ ತೂತು ಹೊಡ್ದೆ" ಎಂದ. ಕೆಲವರು ನಕ್ಕರು. ಲೆಕ್ಕ ನೋಡಿಕೊಳ್ಳುವ ನಾಲ್ಕನೆಯ ಮಹಡಿಯ ಗುವಾನ್ ಮೇಡಂ, ನಿವೃತ್ತ ಶಿಕ್ಷಕಿ, ಕೆಟ್ಟವರಲ್ಲ. ಆದರೂ ಕೂಡಿ ಕಳೆದು ಒಂದು ಉಪಾಯ ಮುಂದಿಟ್ಟರು: ಗೂಡನ್ನು ಐದನೆಯ ಮಹಡಿಗೇ ನಿಲ್ಲಿಸಿದರೆ ಖರ್ಚು ಇಳಿಯುತ್ತದೆ, ಆಗ ಉಳಿದವರ ಹಣ ಸಾಲುತ್ತದೆ. ಲೂ ಅವರಿಗೆ ಒಂದು ಮಹಡಿಯಷ್ಟೇ ಮೆಟ್ಟಿಲು.

ಒಂದು ಮಹಡಿಯಷ್ಟೇ. ಬಲಗಾಲು ಸ್ವಾಧೀನವಿಲ್ಲದವನಿಗೆ ಒಂದು ಮಹಡಿಯೂ ಆರು ಮಹಡಿಯೂ ಒಂದೇ ಎತ್ತರ. ಅದನ್ನು ಹೇಳಲು ನಾನು ಬಾಯಿ ತೆರೆಯುವ ಮೊದಲೇ ಜಿಯಾವೊ ಹೇಳಿದ.

"ಮೂರು ವರ್ಷ ನಾನು ಜಗಳಾಡಿದ್ದು ನನ್ನ ಕಿಟಕಿಗೆ. ಕೊನೆಗೆ ಬಿಟ್ಟುಕೊಟ್ಟಿದ್ದು ಯಾರ ಮುಖ ನೋಡಿ ಅಂದ್ಕೊಂಡ್ರಿ, ಮೇಡಂ? ತಿಂಗ್‌ಷಾನ್ ಮಾಡಿಕೊಟ್ಟ ಅಚ್ಚಲ್ಲೇ ಇಪ್ಪತ್ತು ವರ್ಷ ಕಬ್ಬಿಣ ಹುಯ್ದಿದೀನಿ. ಲಿಫ್ಟು ಆರಕ್ಕೆ ಹೋಗೋದಾದ್ರೆ ಕಟ್ಟಿ. ಐದಕ್ಕೆ ನಿಲ್ಲೋದಾದ್ರೆ ನನ್ನ ಬೆಳಕು ನನಗೆ ವಾಪಸ್ ಕೊಡಿ."

ಅವನ ಸಹಿ ಇಲ್ಲದೆ ಒಂದು ಇಟ್ಟಿಗೆಯನ್ನೂ ಇಡುವಂತಿಲ್ಲ. ಆರಕ್ಕೆ ಹೋಗಬೇಕು, ಇಲ್ಲವೇ ಲಿಫ್ಟೇ ಇಲ್ಲ ಎಂದಾಯಿತು. ಏಪ್ರಿಲಿನಲ್ಲಿ ಹಿರಿಯರ ಸಮಾಧಿ ಗುಡಿಸುವ ಚಿಂಗ್‌ಮಿಂಗ್ ಹಬ್ಬದವರೆಗೆ ಕಾಯಲು ಗುತ್ತಿಗೆದಾರ ಒಪ್ಪಿದ.

ಅಂದು ಅಕ್ಕನ ಅಡುಗೆಮನೆಯಲ್ಲಿ ಕುಳಿತು, ಕೊರತೆಯಾದ ಹಣವನ್ನು ನಾನು ಕೊಡುತ್ತೇನೆಂದೆ. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ.

"ನಿನ್ನ ಹತ್ರ ಇದೆ, ಕೊಡ್ತೀಯ, ಗೊತ್ತು ನನಗೆ. ಆದ್ರೆ ಈಗ ತಗೊಂಡ್ರೆ, ತಲೆ ಇಲ್ಲದ ಅಕ್ಕನ ತಪ್ಪಿಗೆ ತಮ್ಮ ದಂಡ ಕಟ್ಟಿದ ಅಂತಾಗತ್ತೆ. ವಿವೇಚನೆ ಇಲ್ಲದೋಳು ಅಂತ ದಿನಾ ಬೆಳಗ್ಗೆ ಬರೆದಿದಾರಲ್ಲ, ಅದಕ್ಕೆಲ್ಲ ಕಾರಣ ಆದ ಕೋಟಾದೋರಿಗೆ ಬರಿ. ಆ ಮಾತು ಸುಳ್ಳು ಅಂತ ಬರೆದುಕೊಡಲಿ. ಅವತ್ತೇ ನಿನ್ನ ದುಡ್ಡು ತಗೋತೀನಿ."

ಭಾವ ಕೆಳಗಿಳಿಯುವುದು ಮುಖ್ಯವೋ ಒಂದು ಪದ ಮುಖ್ಯವೋ ಎಂದು ಕೇಳಿದೆ. ಒಳಕೋಣೆಯಿಂದ ಭಾವನ ತೊದಲು ದನಿ ಬಂತು: "ಬರಿಯಪ್ಪ. ನಾನೇನು ಎಲ್ಲಿಗೂ ಓಡಿಹೋಗಲ್ಲ."

ಆದ್ದರಿಂದ ಬರೆದಿದ್ದೇನೆ. ನಾನು ಪರಿಹಾರ ಬೇಡುತ್ತಿಲ್ಲ, ಹಣ ನನ್ನಲ್ಲಿದೆ. ಕೋಟಾ ಹೆಚ್ಚಿಸಿರೆಂದೂ ಬೇಡುತ್ತಿಲ್ಲ. ಮುಂದೆ ಕೋಟಾ ಹಂಚುವ ದಿನವನ್ನು ತಿಂಗಳ ಮೊದಲೇ ಸಾರ್ವಜನಿಕವಾಗಿ ಪ್ರಕಟಿಸಬೇಕೆಂದು ಕೇಳುತ್ತಿದ್ದೇನೆ. ಇಂಥ ಫಂಡುಗಳ ಎಚ್ಚರಿಕೆಯ ಮೊದಲ ಸಾಲು ಇನ್ನು ಮುಂದೆ ನಿಮ್ಮ ಹೆಸರಿನಲ್ಲಿ ಹೀಗಿರಬೇಕು, ಕರಡನ್ನು ನಾನೇ ಸಿದ್ಧಪಡಿಸಿದ್ದೇನೆ: "ಈ ಬೆಲೆ ನಿಜಮೌಲ್ಯಕ್ಕಿಂತ ಹೆಚ್ಚಿರುವುದಕ್ಕೆ ಕಾರಣ ನಮ್ಮ ಕಚೇರಿಯ ಕೋಟಾ. ನಾವು ಅದನ್ನು ಹೆಚ್ಚಿಸಿದ ದಿನ ನಿಮ್ಮ ಹಣ ಕರಗುತ್ತದೆ." ಇದರಲ್ಲಿ ಸುಳ್ಳೇನಾದರೂ ಇದ್ದರೆ ತೋರಿಸಿಕೊಡಿ. ಇಲ್ಲವಾದರೆ, ಆ ನಷ್ಟ ಮೆಂಗ್ ಶುಯಿಂಗ್ ಅವರ ವಿವೇಚನೆಯ ಕೊರತೆಯಿಂದ ಆದದ್ದಲ್ಲವೆಂದು ನಿಮ್ಮ ಮುದ್ರೆಯಿರುವ ಕಾಗದದಲ್ಲಿ ಒಂದು ಸಾಲು ಬರೆದು, ಆರನೆಯ ಮಹಡಿಯ ವಿಳಾಸಕ್ಕೆ ಕಳುಹಿಸಿ.

ಚಿಂಗ್‌ಮಿಂಗ್ ಹಬ್ಬದವರೆಗೆ ಕಾಯುತ್ತೇವೆ. ಕಾಗದ ಬರದಿದ್ದರೆ ಹಬ್ಬದ ಮರುದಿನ ನಾನೂ ಜಿಯಾವೊನೂ ಮೂರನೆಯ ಮಹಡಿಯ ಇಬ್ಬರೂ ಸೇರಿ ಭಾವನನ್ನು ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸುತ್ತೇವೆ. ಮೊದಲು ಸೂಪಿನ ಅಂಗಡಿ, ಆಮೇಲೆ ಬೀಜಿಂಗಿನ ರೈಲು. ನೇರವಾಗಿ ನಿಮ್ಮ ಕಚೇರಿಗೇ ಬಂದು ತಾನು ಮಾಡಿದ ಅವಿವೇಕ ಯಾವುದೆಂದು ಅಕ್ಕ ಕೇಳುತ್ತಾಳೆ. ಭಾವ ಒಪ್ಪಿದ್ದಾರೆ. ನಿಮ್ಮ ಕಟ್ಟಡದ ಲಿಫ್ಟ್ ಎಲ್ಲ ಮಹಡಿಗಳಿಗೂ ಹೋಗುತ್ತದೆಂದು ವಿಚಾರಿಸಿ ತಿಳಿದುಕೊಂಡಿದ್ದೇನೆ.

ಇಂತಿ,
ಮೂವತ್ತು ವರ್ಷ ಊರಿನವರ ಲಿಫ್ಟ್‌ಗಳನ್ನೆಲ್ಲ ಪರೀಕ್ಷಿಸಿಯೂ ಸ್ವಂತ ಭಾವನಿಗೆ ಒಂದನ್ನು ಒದಗಿಸಲಾಗದ,
ಮೆಂಗ್ ಹುವೈಯುವಾನ್
ಲುವೊಯಾಂಗ್