ತೊಳೆದ ಮಕ್ಕಳ ಊರಿನಿಂದ

ಗದಗ, ಎರಡನೆಯ ಶ್ರಾವಣದ ಮೂವತ್ತೆರಡನೆಯ ದಿನ, ಕ್ರಿ.ಶ. ೨೩೧೪

ನಮ್ಮ ಮುತ್ತಜ್ಜ ಮುತ್ತಜ್ಜಿಯರಿಗೂ ಹಿರಿಯರಾದ ನಿಮಗೆ ಕಾಶವ್ವ ಮಾಡುವ ನಮಸ್ಕಾರಗಳು.

ಇಂಥ ತಾರೀಖು ನಿಮ್ಮ ಪಂಚಾಂಗದಲ್ಲಿ ಇಲ್ಲವೆಂದು ಬಲ್ಲೆ. ಮಳೆ ದಾರಿ ತಪ್ಪಿದ ಮೇಲೆ ನಾವು ತಿಂಗಳುಗಳನ್ನು ಎಳೆದು ಹೊಂದಿಸಿಕೊಂಡಿದ್ದೇವೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಕಾಲದಲ್ಲಿ ಹಿಂದಕ್ಕೆ ಹೋಗುವ ಇಂಥ ಕಾಗದವನ್ನು ಹಿಂದೋಲೆ ಎನ್ನುತ್ತೇವೆ. ಎಪ್ಪತ್ತು ದಾಟಿದವರಿಗೆ ಜೀವಮಾನದಲ್ಲಿ ಒಂದೇ ಸಲ ಬರೆಯಲು ಅವಕಾಶ. ಹೆಚ್ಚಿನವರು ವಂಶಾವಳಿ ವಿಚಾರಿಸುತ್ತಾರೆ. ನನ್ನ ಓರಗೆಯ ಒಬ್ಬಳಂತೂ ಕರದಂಟಿನ ಪಾಕದ ಹದ ಕೇಳಿ ಬರೆದಳು. ನನಗೆ ಅಂಥ ಸುಖದ ಪ್ರಶ್ನೆಗಳಿಲ್ಲ. ಹಿಂದೋಲೆ ಕಚೇರಿಯ ಹುಡುಗಿ ಸಂಜೆ ಬಂದು ಕಾಗದ ಒಯ್ಯುತ್ತಾಳೆ, ಅಷ್ಟರೊಳಗೆ ಹೇಳಿ ಮುಗಿಸಬೇಕು.

ನಾನು ಇಲ್ಲಿಯ ಮಕ್ಕಳ ಮನೆಯ ಕೇಳುಗಿತ್ತಿ. ಹೊಡೆತ ತಿಂದ, ಉಪವಾಸ ಬಿದ್ದ, ಕತ್ತಲ ಕೋಣೆಯಲ್ಲಿ ಕೂಡಿಹಾಕಿಸಿಕೊಂಡ ಮಕ್ಕಳ ಮಾತು ಕೇಳುವುದು ನಮ್ಮ ಮನೆತನದ ಹೆಣ್ಣುಮಕ್ಕಳ ಕೆಲಸ. ಅಜ್ಜಿ ನನಗೆ ಅದನ್ನು ಬಾಯಿಪಾಠವಾಗಿ ಕಲಿಸಿದಳು. ನಿಮ್ಮ ಕಾಲದವರೇ ಕಂಡುಕೊಂಡ ವಿದ್ಯೆಯಂತೆ. ಹೊಡೆಯುವ ಕೈಯನ್ನು ಮೊದಲು ಮಗುವಿನಿಂದ ದೂರ ಮಾಡಬೇಕು. ಆಮೇಲೆ ಉಸಿರಾಟ, ಆಟ, ಚಿತ್ರ. ಮಗು ನಂಬುವ ದೊಡ್ಡವರೊಬ್ಬರನ್ನು ಜೊತೆಗೆ ಕೂರಿಸಿಕೊಂಡು ಅವರಿಗೂ ಕಲಿಸಬೇಕು. ಕೊನೆಗೆ, ಮಗುವಿಗೆ ಧೈರ್ಯ ಬಂದಾಗ, ನಡೆದದ್ದನ್ನು ಅದು ತನ್ನದೇ ಮಾತಿನಲ್ಲಿ ಚೂರುಚೂರಾಗಿ ಹೇಳುತ್ತದೆ. ತಿಂಗಳುಗಳೇ ಹಿಡಿಯುತ್ತವೆ. ಎಲ್ಲ ಮಕ್ಕಳೂ ಪೂರ್ತಿ ಗುಣವಾಗುತ್ತಿರಲಿಲ್ಲ ಎಂದೂ ಅಜ್ಜಿ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದಳು. ಆದರೆ ಗುಣವಾದ ಮಗುವಿಗೆ ತಾನು ಯಾವುದರಿಂದ ಪಾರಾದೆ ಎಂಬುದು ಗೊತ್ತಿರುತ್ತಿತ್ತು.

ಈಗ ಆ ಕೆಲಸಕ್ಕೆ ಹೆಸರೊಂದೇ ಉಳಿದಿದೆ. ಈಗ ಇರುವುದು ತೊಳಪು. ಮಗುವನ್ನು ಬೆಳಿಗ್ಗೆ ಮೆತ್ತನೆಯ ಕುರ್ಚಿಯಲ್ಲಿ ಮಲಗಿಸುತ್ತಾರೆ, ಹಣೆಗೆ ತಣ್ಣನೆಯ ಪಟ್ಟಿ ಕಟ್ಟುತ್ತಾರೆ, ಮಧ್ಯಾಹ್ನದ ಊಟದ ಹೊತ್ತಿಗೆ ಕೆಟ್ಟ ನೆನಪು ಹೋಗಿರುತ್ತದೆ. ನೋವಾಗುವುದಿಲ್ಲ, ಯಾರೂ ಅಳುವುದಿಲ್ಲ. ನನ್ನ ಕೆಲಸ ಕುರ್ಚಿ ಖಾಲಿಯಾಗುವ ತನಕ ಮಕ್ಕಳಿಗೆ ಕಥೆ ಹೇಳಿಕೊಂಡು ಕೂರುವುದು. ತೊಳಪಾದ ದಿನವೇ ಮನೆಯವರು ಬರುತ್ತಾರೆ, ಅಂಗಳದಲ್ಲಿ ಪಂಕ್ತಿ ಹಾಕುತ್ತಾರೆ. ಇದಕ್ಕೆ ಮರುಊಟ ಎಂದು ಹೆಸರು. ಯಾರಿಂದ ಪೆಟ್ಟಾಯಿತೋ ಅವರೇ ಮಗುವಿಗೆ ಮೊದಲ ತುತ್ತು ತಿನ್ನಿಸಬೇಕು. ಮಗು ನಗುತ್ತಾ ಬಾಯಿ ತೆರೆಯುತ್ತದೆ, ನೆರೆದವರು ಕಣ್ಣೊರೆಸಿಕೊಳ್ಳುತ್ತಾರೆ. ಮಗುವಿಗೆ ನೆನಪಿಲ್ಲದ ಮೇಲೆ ನೋವಿಲ್ಲ, ನೋವಿಲ್ಲದ ಮೇಲೆ ತಪ್ಪಿತಸ್ಥನೂ ಇಲ್ಲ ಎಂದು ಕಾನೂನು ಹೇಳುತ್ತದೆ. ಹೀಗಾಗಿ ನಮ್ಮ ಜಿಲ್ಲೆಯಲ್ಲಿ ಮಕ್ಕಳನ್ನು ಹಿಂಸಿಸಿದವರು ಒಬ್ಬರೂ ಇಲ್ಲ. ಅದಕ್ಕಾಗಿ ನಮಗೆ ಪ್ರಶಸ್ತಿಯೂ ಬಂದಿದೆ, ನಗಬೇಡಿ.

ಫಕೀರವ್ವ ಎಂಬ ಹನ್ನೊಂದು ವರ್ಷದ ಹುಡುಗಿ ಇಲ್ಲಿಗೆ ಬಂದಿರುವುದು ಇದು ಮೂರನೆಯ ಸಲ. ತಂದೆತಾಯಿ ಇಲ್ಲ. ದೊಡ್ಡಪ್ಪ ಗುರುಸಿದ್ದಪ್ಪನ ಮನೆಯಲ್ಲಿ ಬೆಳೆಯುತ್ತಿದ್ದಾಳೆ. ಅವನು ಸಿಟ್ಟು ಬಂದಾಗ ಅಡುಗೆಮನೆಯ ಕಬ್ಬಿಣದ ಸೌಟಿನಿಂದ ಹೊಡೆಯುತ್ತಾನೆ, ತಲೆಗೇ ಹೊಡೆಯುತ್ತಾನೆ. ಎರಡು ಸಲ ತೊಳೆದು ಕಳಿಸಿದೆವು. ಎರಡು ಸಲವೂ ಅವಳು ದೊಡ್ಡಪ್ಪನ ಕೈಹಿಡಿದು ಜಿಗಿಯುತ್ತಾ ಹೋದಳು. ಅವನ ಕಣ್ಣು ಕೆಂಪಾದಾಗ ಓಡಿಹೋಗಬೇಕೆಂಬ ಬುದ್ಧಿಯನ್ನೂ ನಾವು ತೊಳೆದುಬಿಟ್ಟಿದ್ದೆವು. ಅದು ಯಾರಿಗೂ ಹೊಳೆಯಲಿಲ್ಲ.

ಈ ಸಲ ಅವಳನ್ನು ಎಚ್ಚರವಿಲ್ಲದೆ ಹೊತ್ತು ತಂದಿದ್ದರು. ಎಚ್ಚರ ಬಂದಾಗ, ತೊಳಪಾಗಿದ್ದರಿಂದ, ಹಿಂದಿನ ಸಲಗಳ ಯಾವ ನೆನಪೂ ಅವಳಿಗಿರಲಿಲ್ಲ. ತಲೆಗೆ ಬಿದ್ದ ಪೆಟ್ಟಿಗೆ ಈ ಸಲದ್ದೂ ಮಸುಕಾಗಿತ್ತು. ತಲೆಯ ಗಾಯ ಮಾಯುವ ತನಕ ತೊಳಪು ಬೇಡವೆಂದು ವೈದ್ಯರು ಹೇಳಿದ್ದರಿಂದ ಕೆಲವು ವಾರ ನನ್ನ ಬಳಿ ಉಳಿದಳು. ಊಟದ ಮನೆಯಲ್ಲಿ ಅಡುಗೆಯವಳು ಸಾರು ಬಡಿಸಲು ಸೌಟು ಎತ್ತಿದರೆ ಸಾಕು, ಫಕೀರವ್ವನ ಎಡಗೈ ತಾನಾಗಿಯೇ ಮೇಲೆದ್ದು ತಲೆಯನ್ನು ಮುಚ್ಚುತ್ತಿತ್ತು. ಉಳಿದ ಮಕ್ಕಳು ಕಿಸಕ್ಕೆಂದು ನಗುತ್ತಿದ್ದರು. ಅವಳಿಗೆ ನಾಚಿಕೆ. ಒಂದು ದಿನ ನೋಡುತ್ತೇನೆ, ಊಟಕ್ಕೆ ಕೂರುವ ಮೊದಲು ಆ ಕೈಯನ್ನು ಜಡೆಯ ರಿಬ್ಬನ್ನಿನಿಂದ ಬೆಂಚಿಗೆ ಬಿಗಿದು ಕಟ್ಟಿಕೊಂಡಿದ್ದಾಳೆ. ಗಂಟು ಬಿಚ್ಚಲು ಕೂತೆ. ಅವಳು ಪಿಸುದನಿಯಲ್ಲಿ ಕೇಳಿದಳು:

"ಕಾಶಜ್ಜಿ, ನನ್ನ ಕೈಗೆ ಹುಚ್ಚು ಹಿಡದೈತೇನು?"

ತೊಳೆದ ಮಗುವಿಗೆ ನಡೆದದ್ದನ್ನು ಹೇಳಿದರೆ ಹೇಳಿದವರನ್ನೂ ತೊಳೆಯುತ್ತಾರೆ. ನಮ್ಮಲ್ಲಿ ಅದೇ ದೊಡ್ಡ ಅಪರಾಧ. ಗೊತ್ತಿದ್ದೂ ಹೇಳಿದೆ.

"ಹುಚ್ಚು ಅಲ್ಲವ್ವಾ. ನಿನ್ನ ಕೈ ನಿನ್ನ ತಲಿ ಕಾಯಾಕತ್ತೈತಿ."

ಯಾರಿಂದ ಎಂದು ಕೇಳಿದಳು. ಅದನ್ನೂ ಹೇಳಿದೆ. ಅಜ್ಜಿ ಕಲಿಸಿದಂತೆ ದಿನಕ್ಕಿಷ್ಟೇ ಹೇಳಿದೆ, ಅವಳು ಸಾಕೆಂದಾಗ ನಿಲ್ಲಿಸಿದೆ. ಮೊದಮೊದಲು ವಾಂತಿ ಮಾಡಿಕೊಂಡಳು. ಆಮೇಲೆ ಚಿತ್ರ ಬರೆಯತೊಡಗಿದಳು, ಆಮೇಲೆ ಮಸುಕಾದದ್ದನ್ನು ತಾನೇ ಹೇಳತೊಡಗಿದಳು. ಕೈ ಆಗಲೂ ಏಳುತ್ತಿತ್ತು, ಆದರೆ ಅವಳು ಅದನ್ನು ಕಟ್ಟುವುದನ್ನು ಬಿಟ್ಟಳು. ಇನ್ನೊಂದು ಕೈಯಿಂದ ಸವರಿ ಕೆಳಗಿಳಿಸಿ, ರೊಟ್ಟಿ ಮುರಿಯುತ್ತಿದ್ದಳು. ಇಷ್ಟು ವರ್ಷದ ಚಾಕರಿಯಲ್ಲಿ ನನಗೆ ಅಷ್ಟು ಸಂತೋಷ ಬೇರೆ ಯಾವುದರಿಂದಲೂ ಆಗಿರಲಿಲ್ಲ.

ನಿನ್ನೆ ಮಕ್ಕಳ ಮನೆಯ ಮೇಲಿನವರು ಬಂದು, ನಾಡಿದ್ದು ನಿನ್ನ ತೊಳಪು, ದೊಡ್ಡಪ್ಪ ಮರುಊಟಕ್ಕೆ ಹೋಳಿಗೆ ಮಾಡಿಸುತ್ತಿದ್ದಾನೆ ಎಂದು ಅವಳ ಗಲ್ಲ ತಟ್ಟಿ ಹೇಳಿದರು. ಅವಳು ಎದ್ದು ನಿಂತಳು.

"ನಾ ಅವರ ಮನಿಗೆ ಹೋಗೂದಿಲ್ರಿ. ಅವರು ನನ್ನ ಕೊಲ್ತಾರ."

ಅವರು ಅವಳ ಮೇಲೆ ಸಿಟ್ಟಾಗಲಿಲ್ಲ. ಪಾಪ ಮಗು, ನೆನಪು ಮರುಕಳಿಸಿದೆ ಎಂದು ಕನಿಕರಪಟ್ಟರು. ಅವಳ ತಲೆ ಸವರಿ, ಈ ಸಲ ಇನ್ನೂ ಆಳವಾಗಿ ತೊಳೆಯೋಣ, ಕೈಯೂ ಏಳದಂತೆ ಮಾಡೋಣ ಎಂದು ಮಾತಾಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. ನನ್ನ ಮೇಲೂ ಅವರಿಗೆ ಕನಿಕರವೇ. ಅಜ್ಜಿಗೆ ವಯಸ್ಸಾಯಿತು, ಇಷ್ಟೊಂದು ಕೆಟ್ಟ ಮಾತು ತಲೆಯಲ್ಲಿಟ್ಟುಕೊಂಡು ಯಾಕೆ ನರಳಬೇಕು ಎಂದರು. ಬೇಲಿಗೆ ಕಾವಲು ಹಾಕಿದ್ದಾರೆ. ಅವಳನ್ನು ಕರೆದುಕೊಂಡು ಓಡಿಹೋಗಲು ಜಾಗವಿಲ್ಲ. ಇಡೀ ದೇಶದಲ್ಲಿ ತೊಳಪಿಲ್ಲದ ಊರಿಲ್ಲ.

ತೊಳಪು ನಮ್ಮ ಕಾಲದವರ ತಲೆಯಲ್ಲಿ ಹುಟ್ಟಿದ್ದಲ್ಲ, ಹಿರಿಯರೇ. ಹಳೆಯ ಕಾಗದಪತ್ರಗಳಲ್ಲಿ ನಿಮ್ಮ ಮಾತುಗಳನ್ನು ನೋಡಿದ್ದೇನೆ. ಮಕ್ಕಳಲ್ಲವೇ, ಮರೆಯುತ್ತಾರೆ ಬಿಡಿ. ಆದದ್ದು ಆಯಿತು, ಯಾಕೆ ಕೆದಕುತ್ತೀರಿ. ಮನೆ ವಿಷಯ ಮನೆಯಲ್ಲೇ ಇರಲಿ. ನಮ್ಮವರು ಮಾಡಿದ್ದಿಷ್ಟೇ, ಆ ಮಾತುಗಳಿಗೆ ಒಂದು ಯಂತ್ರ ಜೋಡಿಸಿದರು. ನಿಮ್ಮ ಕೈಯಲ್ಲಿ ಇನ್ನೂ ಆ ನಿಧಾನದ ವಿದ್ಯೆ ಇದೆ. ಅದು ತಡವಾಗುತ್ತದೆ, ಖರ್ಚಾಗುತ್ತದೆ ಎಂದು ಗೊಣಗಬೇಡಿ. ಕಲಿತವರು ಸಾಲದಿದ್ದರೆ ಇನ್ನಷ್ಟು ಜನಕ್ಕೆ ಕಲಿಸಿ. ಮಗುವೊಂದು ಹೇಳಲು ಬಾಯಿ ತೆರೆದರೆ ಅದು ಮುಗಿಸುವ ತನಕ ಕೂತು ಕೇಳಿ. ಕೇಳಿದ ಮೇಲೆ ಅದನ್ನು ಅದೇ ಮನೆಗೆ ಕಳಿಸಬೇಡಿ.

ಹೊರಗೆ ಕಚೇರಿಯ ಹುಡುಗಿ ಬಂದಳು. ಒಳಗೆ ಫಕೀರವ್ವ ಗೋಡೆಗೆ ಮುಖ ಮಾಡಿ ಕೂತಿದ್ದಾಳೆ. ನಾಳೆ ಬೆಳಿಗ್ಗೆ ಮೊದಲು ಅವಳ ಸರದಿ, ಆಮೇಲೆ ನನ್ನದು. ಮಧ್ಯಾಹ್ನ ಗುರುಸಿದ್ದಪ್ಪ ಬಂದು ಅವಳ ಕೈಹಿಡಿದು ಕರೆದೊಯ್ಯುವಾಗ ನಾನು ಬಾಗಿಲಲ್ಲಿ ನಿಂತಿರುತ್ತೇನೆ. ಒಳ್ಳೆಯ ಮನುಷ್ಯ ಎಂದುಕೊಂಡು, ನಗುತ್ತಾ, ಹೋಗಿ ಬಾರವ್ವಾ ಎನ್ನುತ್ತೇನೆ.