ಹೊಸದಿಣ್ಣೆಯ ಬಾವಿ ನೀರಿನ ಬಗ್ಗೆ

ಕ್ರಿ.ಶ. ೨೧೩೮, ಜ್ಯೇಷ್ಠ ಮಾಸ. ಮಳೆ ಇನ್ನೂ ಬಂದಿಲ್ಲ.
ನೀರುಮನೆ, ಹಿರಿಯೂರು ಹಾದಿ.

ನನ್ನ ಕೆಲಸವನ್ನೇ ಮಾಡುತ್ತಿರುವ, ಹೆಸರು ತಿಳಿಯದ ನಿಮಗೆ,

ಮೇಲಿನ ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲ ಕಳೆದು ನೂರು ವರ್ಷದ ಮೇಲಾಗಿದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಕಾಗದ ಹಿಂದಿನ ಕಾಲಕ್ಕೆ ಹೋಗುವುದಿಲ್ಲ ಎನ್ನುವುದು ನನಗೂ ಗೊತ್ತು. ಆದರೆ ಈ ಎಂಟು ತಿಂಗಳಲ್ಲಿ ನಡೆದದ್ದನ್ನು ಯಾರಿಗಾದರೂ ಹೇಳಬೇಕು. ಇದನ್ನು ಪೂರ್ತಿ ಅರ್ಥ ಮಾಡಿಕೊಳ್ಳುವವರು ಈ ಸುತ್ತಿನಲ್ಲಿ ಯಾರೂ ಇಲ್ಲ.

ನನ್ನ ಹೆಸರು ಸೂರಮ್ಮ. ವಯಸ್ಸು ಐವತ್ತಮೂರು. ನೀವು ಪ್ರಯೋಗಾಲಯ ಎನ್ನುವುದನ್ನು ನಾವು ನೀರುಮನೆ ಎನ್ನುತ್ತೇವೆ. ನನ್ನದು ಎರಡು ಕೋಣೆಯದು, ಹಳೆಯ ಹೆದ್ದಾರಿಯ ಪಕ್ಕದಲ್ಲಿದೆ. ಹೆದ್ದಾರಿಯ ಮೇಲೆ ಈಗ ಕುರಿಗಳು ಓಡಾಡುತ್ತವೆ. ಮೂವತ್ತೊಂದು ಬಾವಿಗಳು ನನ್ನ ಪಾಲಿಗಿವೆ. ಸೈಕಲ್ಲಿನ ಹಿಂದೆ ಮಣ್ಣಿನ ಮಡಕೆ ಕಟ್ಟಿಕೊಂಡು, ಅದರೊಳಗೆ ಒದ್ದೆ ಮರಳಿಟ್ಟು, ಮರಳಲ್ಲಿ ಸೀಸೆಗಳನ್ನು ಹುದುಗಿಸಿ ತರುತ್ತೇನೆ. ಸೀಸೆಯನ್ನು ಕತ್ತಿನವರೆಗೆ ತುಂಬಬೇಕು, ಒಂದು ಗುಳ್ಳೆ ಗಾಳಿಯೂ ಉಳಿಯಬಾರದು; ಉಳಿದರೆ ನಾವು ಹುಡುಕುವುದು ಆ ಗಾಳಿಗೆ ಹಾರಿಹೋಗುತ್ತದೆ. ಇದು ನಿಮಗೂ ಗೊತ್ತಿರುವುದೇ. ಜೊತೆಗೆ ಶುದ್ಧ ನೀರು ತುಂಬಿದ ಒಂದು ಸೀಸೆ ದಾರಿಯುದ್ದಕ್ಕೂ ಬರುತ್ತದೆ, ಬಿರಡೆ ತೆಗೆಯದೆ ಹಾಗೇ ಮನೆಗೆ ಮರಳುತ್ತದೆ. ದಾರಿಯಲ್ಲಿ ಯಾವ ಕೊಳೆಯೂ ಸೇರಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ನಾವು ಸಾಕ್ಷಿಸೀಸೆ ಎನ್ನುತ್ತೇವೆ. ಮೂಗುಪೆಟ್ಟಿಗೆ ಎಂಬ ಯಂತ್ರವೊಂದಿದೆ. ನೀರಿನಿಂದ ಎದ್ದ ಆವಿಯನ್ನು ಅದು ಕೂದಲಿನಷ್ಟು ಸಣ್ಣ ಕೊಳವೆಯಲ್ಲಿ ಹಾಯಿಸಿ, ಒಂದೊಂದು ವಾಸನೆಯನ್ನೂ ಬೇರೆ ಮಾಡಿ, ಕಾಗದದ ಮೇಲೆ ಶಿಖರಗಳನ್ನು ಬರೆಯುತ್ತದೆ. ಬಿಸಿಲಿನ ಶಕ್ತಿಯಲ್ಲಿ ನಡೆಯುವ ಯಂತ್ರವಾದ್ದರಿಂದ ಮಧ್ಯಾಹ್ನ ನಾಲ್ಕು ಗಂಟೆ ಮಾತ್ರ ಕೆಲಸ. ಉಳಿದ ಹೊತ್ತು ಸೀಸೆ ತೊಳೆಯುತ್ತೇನೆ. ಎಷ್ಟೋ ವಾರ ನನ್ನ ದನಿಯನ್ನು ನಾನೇ ಕೇಳಿಸಿಕೊಳ್ಳದೆ ಕಳೆದಿದ್ದೇನೆ.

ಹೊಸದಿಣ್ಣೆ ಇಲ್ಲಿಂದ ಹನ್ನೊಂದು ಮೈಲಿ. ಒಂಬತ್ತು ವರ್ಷದ ಹಿಂದೆ ಹದಿನಾಲ್ಕು ಮನೆಯವರು ಬಂದು, ಬಾವಿ ತೋಡಿ, ನೆಲೆಸಿದ ಊರು. ಅಲ್ಲಿಯ ಬೋರಕ್ಕ ಮೊದಲ ಸಲವೇ ನನ್ನನ್ನು ಒಳಗೆ ಕರೆದು ಮಣೆ ಹಾಕಿದಳು. ಆಮೇಲೆ ಪ್ರತಿ ತಿಂಗಳೂ ಅಲ್ಲೇ ಊಟ. ಮುದ್ದೆ, ಹುರುಳಿ ಸಾರು, ಜೊತೆಗೆ ಅವಳ ಮಾತು. ಅವಳ ಮಗಳು ಮಲ್ಲಿ ನನ್ನ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿ ಕಳಿಸುತ್ತಿದ್ದಳು. ಹಿಂತಿರುಗಿದ ಮೇಲೆ ಎರಡು ಮೂರು ದಿನ ನಾನು ಆ ಜಡೆಯನ್ನು ಬಿಚ್ಚುತ್ತಿರಲಿಲ್ಲ.

ಕಳೆದ ಕಾರ್ತಿಕದಲ್ಲಿ ಬೋರಕ್ಕ ಚೊಂಬು ತಂದು ಮುಂದಿಟ್ಟು, "ಈ ಸಲ ನಮ್ ನೀರು ವಸಿ ಸಿಹಿ ಆಗೈತೆ ನೋಡಕ್ಕ," ಅಂದಳು. ಕುಡಿದೆ. ಸಿಹಿಯಾಗಿತ್ತು. ಮರುದಿನ ಮೂಗುಪೆಟ್ಟಿಗೆ ಪೆಟ್ರೋಲಿನ ವಿಷವಾದ ಬೆಂಜೀನಿನ ಜಾಗದಲ್ಲಿ ಶಿಖರ ಎಬ್ಬಿಸಿತು. ಮಿತಿಯ ನಲವತ್ತು ಪಟ್ಟು.

ಎರಡನೆಯ ಸೀಸೆ ಹಾಕಿದೆ, ಅದೇ ಬಂತು. ಸಾಕ್ಷಿಸೀಸೆ ಹಾಕಿದೆ. ಅದರಲ್ಲಾದರೂ ಕೊಳೆ ಇರಲಿ, ತಪ್ಪು ನನ್ನ ದಾರಿಯದೋ ನನ್ನ ಕೈಯದೋ ಆಗಿರಲಿ ಎಂದು ಬೇಡಿಕೊಂಡೆ. ಅದರ ಗೆರೆ ಎಲ್ಲೂ ಏಳದೆ ನೆಟ್ಟಗೆ ಹೋಯಿತು.

ಮೂರು ದಿನ ಯಾರಿಗೂ ಹೇಳಲಿಲ್ಲ. ಇದನ್ನು ನಿಮಗೆ ಮಾತ್ರ ಬರೆಯುತ್ತಿದ್ದೇನೆ. ಅಂಕಿ ಬರೆದರೆ ಬಾವಿ ಮುಚ್ಚಬೇಕು, ಬಾವಿ ಮುಚ್ಚಿದರೆ ಊರೇ ಎದ್ದು ಬೇರೆಡೆ ಹೋಗಬೇಕು, ಊರು ಎದ್ದರೆ ನನಗೆ ಮಣೆ ಹಾಕುವವರಿಲ್ಲ. ಮುಂದಿನ ತಿಂಗಳು ಇನ್ನೊಮ್ಮೆ ನೋಡಿ ಬರೆದರಾಯಿತು ಅನ್ನಿಸಿತು. ಮಲ್ಲಿ ಆಗ ಐದು ತಿಂಗಳ ಬಸುರಿ. ದಿನಕ್ಕೆ ಎಷ್ಟು ಚೊಂಬು ಕುಡಿಯುತ್ತಾಳೆ ಎಂದು ಲೆಕ್ಕ ಹಾಕಲು ಕೂತವಳು, ಅರ್ಧಕ್ಕೇ ಎದ್ದು ಸೈಕಲ್ ಹೊರಗೆ ತೆಗೆದೆ.

ಬೋರಕ್ಕ ನಂಬಲಿಲ್ಲ. "ನಿನ್ ಪೆಟ್ಟಿಗೆಗೇ ನೆಗಡಿ ಆಗೈತೇನೋ, ಇನ್ನೊಂದ್ಸಲ ಮೂಸಿ ನೋಡು ಅನ್ನಕ್ಕ," ಎಂದು ನಕ್ಕಳು. ನಾನು ನಗದಿದ್ದಾಗ ಅವಳ ಮುಖ ಬಿಗಿಯಿತು. "ಎಣ್ಣೆ ಬಂಡಿ ನಮ್ಮಜ್ಜಿನೂ ಕಂಡಿಲ್ಲ. ನಮ್ ಬಾವೀಗ್ ಎಲ್ಲಿಂದ ಬಂತು ಆ ಎಣ್ಣೆ?"

ಅದನ್ನು ತೋರಿಸಲು ನನಗೆ ಹತ್ತೊಂಬತ್ತು ದಿನ ಬೇಕಾಯಿತು. ಕೈಬೈರಿಗೆಯಿಂದ ಬಾವಿಯ ಸುತ್ತ ಇಪ್ಪತ್ತಾರು ಕಡೆ ನೆಲ ಕೊರೆದೆ, ಒಂದೊಂದು ಹಿಡಿ ಮಣ್ಣನ್ನೂ ಪೆಟ್ಟಿಗೆಗೆ ಕೊಟ್ಟೆ. ಬಡಗಣಕ್ಕೆ ಹೋದಂತೆ ಶಿಖರ ಏರುತ್ತಾ ಹೋಯಿತು. ಬೋರಕ್ಕನ ಕುಂಬಳದ ಪಾತಿಯ ಹತ್ತಿರ ಅದು ಕಾಗದವನ್ನೇ ಮೀರಿತು. ಅಲ್ಲಿ ಅಗೆಯುವಾಗ ಹಾರೆಯ ಮೊದಲ ಏಟು ಹಾಕಿದವಳು ಬೋರಕ್ಕನೇ. ಅಷ್ಟು ದಿನ ಅವಳು ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಆಳುದ್ದ ಇಳಿದಾಗ ಕಬ್ಬಿಣ ಸಿಕ್ಕಿತು. ಮೂರು ಟ್ಯಾಂಕುಗಳು, ಅಕ್ಕಪಕ್ಕ ಮಲಗಿದ್ದವು. ಎರಡು ಬರಿದಾಗಿದ್ದವು. ಮೂರನೆಯದರ ಅಡಿ ತುಕ್ಕು ಹಿಡಿದು ಹಳೆಯ ಬಟ್ಟೆಯಂತೆ ಹರಿದಿತ್ತು. ನೂರು ವರ್ಷಕ್ಕೂ ಮೇಲೆ ತಡೆದುಕೊಂಡಿದ್ದ ಅದು ಹೋದ ಮಳೆಗಾಲದಲ್ಲಿ ಕೈಬಿಟ್ಟಿರಬೇಕು.

ಅಲ್ಲೊಂದು ಪೆಟ್ರೋಲ್ ಬಂಕ್ ಇತ್ತಂತೆ. ಹಳೆಯ ಕಡತಗಳ ಕೋಣೆಯಲ್ಲಿ ನಾಲ್ಕು ದಿನ ಹುಡುಕಿದೆ. ಬಂಕಿನ ಹೆಸರು ಗೆದ್ದಲ ಪಾಲಾಗಿತ್ತು. ಟ್ಯಾಂಕ್ ಎಷ್ಟಿದ್ದವು, ಎಲ್ಲಿದ್ದವು, ಖಾಲಿ ಮಾಡಿದರೇ, ಮಣ್ಣಿನ ಪರೀಕ್ಷೆ ಆಯಿತೇ, ಒಂದೂ ಇಲ್ಲ. ಕೊನೆಯ ಸಾಲಿನಲ್ಲಿ 'ಮುಚ್ಚಲಾಗಿದೆ' ಎಂಬ ಒಂದೇ ಪದ, ಕೆಳಗೊಂದು ಸಹಿ.

ನೆಲದೊಳಗೆ ಗಾಳಿ ಊದಿ ಆ ನೀರನ್ನು ತೊಳೆಯಬಹುದು. ನನ್ನಲ್ಲಿರುವ ಒಂದೇ ಪಂಪಿನಿಂದ ಅದಕ್ಕೆ ಮೂವತ್ತು ವರ್ಷ ಬೇಕು. ಪುಷ್ಯದಲ್ಲಿ ಊರು ಎದ್ದಿತು. ಹದಿನಾಲ್ಕು ಮನೆಯವರೂ ಮಾರಿಕಣಿವೆಯ ಕಡೆಗೆ ಗಾಡಿ ಕಟ್ಟಿದರು. ಕೊನೆಯ ಗಾಡಿ ಬೋರಕ್ಕನದು. ಅವಳು ಇಳಿದು ನನ್ನ ಹತ್ತಿರ ಬಂದು ನಿಂತಳು.

"ನೀನು ಹೇಳ್ದೆ ಸುಮ್ಕಿದ್ದಿದ್ರೆ ನಾವಿಲ್ಲೇ ಇರ್ತಿದ್ವಿ. ನಿಂಗೂ ನಾವಿರ್ತಿದ್ವಿ," ಅಂದಳು. "ಅದು ಗೊತ್ತಿದ್ದೂ ಹೇಳಿದ್ಯಲ್ಲಕ್ಕ."

ಅವಳು ನನ್ನ ಎರಡೂ ಕೈ ಹಿಡಿದು ಒಮ್ಮೆ ಒತ್ತಿದಳು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ಮಲ್ಲಿ ತಿರುಗಿ ನೋಡುತ್ತಲೇ ಇದ್ದಳು.

ಫಾಲ್ಗುಣದಲ್ಲಿ ಕುರಿ ಕಾಯುವವರ ಬಾಯಿಂದ ಸುದ್ದಿ ಬಂತು. ಮಲ್ಲಿಗೆ ಹೆಣ್ಣು ಮಗು, ಆರೋಗ್ಯವಾಗಿದೆಯಂತೆ. ಅಂದು ನೀರುಮನೆಯ ಬಾಗಿಲು ಹಾಕಿಕೊಂಡು ಜೋರಾಗಿ ಅತ್ತೆ. ಕೇಳಿಸಿಕೊಳ್ಳುವವರು ಯಾರೂ ಇಲ್ಲದಿದ್ದರೂ ಬಾಗಿಲು ಯಾಕೆ ಹಾಕಿದೆನೋ ತಿಳಿಯದು.

ಈಗಲೂ ತಿಂಗಳಿಗೊಮ್ಮೆ ಹೊಸದಿಣ್ಣೆಗೆ ಹೋಗುತ್ತೇನೆ. ಅಲ್ಲಿ ಹೂಡಿದ ಪಂಪು ನಡೆಯುತ್ತಿದೆಯೇ ನೋಡಿ, ಸೀಸೆ ತುಂಬಿಕೊಳ್ಳುತ್ತೇನೆ. ಊಟದ ಹೊತ್ತಿಗೆ ಅಲ್ಲಿರಬಾರದೆಂದು ಬೆಳಿಗ್ಗೆ ಬೇಗ ಹೊರಡುತ್ತೇನೆ. ಮೊನ್ನೆಯ ಅಂಕಿ ಮಿತಿಯ ಮೂವತ್ತೊಂಬತ್ತು ಪಟ್ಟು. ಒಂದು ಇಳಿದಿದೆ. ಮೂವತ್ತು ವರ್ಷ ನಾನಿರುವುದಿಲ್ಲ.

ನಿಮ್ಮ ಕಾಲದಲ್ಲಿ ಆ ಟ್ಯಾಂಕುಗಳಿನ್ನೂ ಹೊಸವು. ಬಂಕ್ ಮುಚ್ಚುವ ದಿನ ಅವನ್ನು ಅಗೆದು ತೆಗೆಸಿ. ತೆಗೆಸಲಾಗದಿದ್ದರೆ ಎಲ್ಲಿವೆ, ಎಷ್ಟು ಆಳದಲ್ಲಿವೆ, ಸುತ್ತಲ ಮಣ್ಣು ಏನು ಹೇಳಿತು ಎಂದು ಬರೆದಿಡಿ. ಒಂದು ದಿನ ನಿಮ್ಮ ಮೇಜಿಗೂ ಅಂಥದೊಂದು ಸೀಸೆ ಬರುತ್ತದೆ. ಅಂಕಿ ಯಾರಿಗೂ ಬೇಡವಾಗಿರುತ್ತದೆ, ಬಹುಶಃ ನಿಮಗೂ ಬೇಡವಾಗಿರುತ್ತದೆ. ಬಂದದ್ದನ್ನು ಬಂದ ಹಾಗೆಯೇ ಬರೆಯಿರಿ. ಧೂಳು ತಿನ್ನುವ ಕಪಾಟಿನಲ್ಲಿ ಇದನ್ನು ಯಾರು ಓದುತ್ತಾರೆ ಎಂದು ಕೈ ತಡೆದರೆ ನೆನಪಿರಲಿ, ನಾನು ಓದುತ್ತೇನೆ.

ಇಂತಿ,
ಸೂರಮ್ಮ