ಹಳೇ ಕಣ್ಣಿನ ಸಂಜೆ

ಡಿಸೆಂಬರ್ 3, ಬೆಳಿಗ್ಗೆ

ಬ್ಯಾಟರಿ ಎರಡೂ ಚಾರ್ಜ್ ಆಗಿವೆ. ಮೆಮೊರಿ ಕಾರ್ಡ್ ಇದೆ. ಟ್ರೈಪಾಡ್ ಇದೆ. ಮತ್ತೆ ನೋಡಿದೆ — ಇದೆ. ಇನ್ನೊಂದು ಸಲ ಬ್ಯಾಗಿಗೆ ಕೈ ಹಾಕುವಾಗ ಅಜ್ಜಿ ಬಾತ್‌ರೂಮಿನಿಂದಲೇ ಕೂಗಿದಳು, "ಅದಕ್ಕೇನು ಕಾಲಿದೆಯಾ, ಓಡಿಹೋಗೋಕೆ?"

ಇದೆ ಅಜ್ಜಿ. ಮೂರು.

ಲಾಡ್ಜಿನ ರೂಮು ಚಿಕ್ಕದು. ಎರಡು ಮಂಚ, ನಡುವೆ ಸ್ಟೂಲು, ಸ್ಟೂಲಿನ ಮೇಲೆ ಅಜ್ಜಿಯ ಐ ಡ್ರಾಪ್ಸ್. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಅಜ್ಜಿಯ ಜೊತೆ ಹೀಗೆ ಒಂದೇ ರೂಮಿನಲ್ಲಿ ಇರುವುದು ಇದೇ ಮೊದಲು. ನಿನ್ನೆ ಬಸ್ಸಿನಲ್ಲಿ ಬಾಯಿತಪ್ಪಿ "ನೀವು ಕಿಟಕಿ ಪಕ್ಕ ಕೂತ್ಕೊಳ್ಳಿ" ಅಂದೆ. "ನಾನೇನು ನಿನ್ನ ವಾರ್ಡನ್ನಾ?" ಎಂದು ಗದರಿದಳು. ಇವತ್ತು "ನೀನು" ಅನ್ನೋದು ರೂಢಿಯಾಗಿದೆ.

ಬಂದದ್ದು ಎರಡು ಕೆಲಸಕ್ಕೆ. ಒಂದು ಕಾಲೇಜಿನದು — ರಜೆಯಲ್ಲಿ ಊರೂರು ಸುತ್ತಿ ಎಚ್‌ಡಿಆರ್ ಫೋಟೋ, ಅಂದರೆ ಕತ್ತಲೆ ಬೆಳಕು ಎರಡೂ ಒಂದರಲ್ಲೇ ಕಾಣುವ ಫೋಟೋ, ತೆಗೆಯುವ ಪ್ರಾಜೆಕ್ಟ್. ಇನ್ನೊಂದು ಅಮ್ಮನದು. ಅದೇ ನಿಜವಾದ ಪರೀಕ್ಷೆ. ಅಜ್ಜಿಯ ಬಲಗಣ್ಣಿನ ಪೊರೆ ತೆಗೆಸಿ ಎರಡು ತಿಂಗಳಾಯಿತು. ಎಡಗಣ್ಣಿನ ಮಾತೆತ್ತಿದರೆ ಅಜ್ಜಿ ಎದ್ದು ಹೋಗುತ್ತಾಳೆ. ಪೊರೆ ಬಲಿತಿದೆ, ಇನ್ನೂ ತಡ ಮಾಡಿದರೆ ಆಪರೇಷನ್ ಕಷ್ಟ ಅಂತ ಡಾಕ್ಟರ್ ಹೇಳಿದ್ದಾರೆ. ಹದಿನಾರನೇ ತಾರೀಖು ಕೊಟ್ಟಿದ್ದಾರೆ. "ಮೊಮ್ಮಗಳ ಮಾತಾದ್ರೆ ಕೇಳ್ತಾಳೆ. ಒಪ್ಪಿಸ್ಕೊಂಡೇ ಬಾ," ಅಂದಳು ಅಮ್ಮ.

ನನ್ನ ಮಾತು! ಮೆಸ್ಸಿನಲ್ಲಿ ಇನ್ನೊಂದು ಮೊಟ್ಟೆ ಕೇಳೋಕೆ ಒಂದು ಟರ್ಮ್ ತೆಗೆದುಕೊಂಡವಳು ನಾನು.

ಡಿಸೆಂಬರ್ 3, ಸಂಜೆ

ಲೈಟ್‌ಹೌಸ್ ಆಯಿತು. ಒಳಗಿನಿಂದ ಬಾಗಿಲು ಸೇರಿಸಿ ಹೊರಗಿನ ಸಮುದ್ರ — ಎಚ್‌ಡಿಆರ್‌ಗೆ ಹೇಳಿ ಮಾಡಿಸಿದ ಜಾಗ. ಒಳಗೆ ಕಗ್ಗತ್ತಲೆ, ಹೊರಗೆ ಕಣ್ಣು ಕುಕ್ಕುವ ಬಿಸಿಲು.

ಅಜ್ಜಿ ಮೆಟ್ಟಿಲ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದಳು.

"ಒಂದೇ ಬಾಗಿಲನ್ನ ಎಷ್ಟು ಸಲ ಹೊಡೀತೀಯೇ?"

"ಮೂರು, ಅಜ್ಜಿ. ಒಂದು ಕಪ್ಪಗೆ, ಆಕಾಶ ಸುಟ್ಟು ಬೆಳ್ಳಗಾಗದ ಹಾಗೆ. ಒಂದು ಬೆಳ್ಳಗೆ, ಕತ್ತಲೆಯೊಳಗಿರೋದೂ ಕಾಣೋ ಹಾಗೆ. ಒಂದು ಮಧ್ಯದ್ದು. ಆಮೇಲೆ ಲ್ಯಾಪ್‌ಟಾಪಲ್ಲಿ ಮೂರನ್ನೂ ಸೇರಿಸೋದು."

"ಓಹೋ. ಮೂರು ಜನದ್ದೂ ಕೇಳಿ ರಾಜಿ ಪಂಚಾಯ್ತಿ."

ಕಾಲೇಜಿನಲ್ಲಿ ಸರ್ ಇಡೀ ಸೆಮಿಸ್ಟರ್ ವಿವರಿಸಿದ್ದು ಇಷ್ಟೇ. ಆದರೆ ನನ್ನ ಪಂಚಾಯ್ತಿ ಎಂದೂ ಮುಗಿಯುವುದಿಲ್ಲ. ಎಲ್ಲಿ ಏನು ತಪ್ಪಿಹೋಗುತ್ತೋ ಅಂತ ಮೂರರ ಜಾಗದಲ್ಲಿ ಒಂಬತ್ತು ತೆಗೆಯುತ್ತೇನೆ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಬೆಳಕು ಏರಿಸುವ ಸ್ಲೈಡರ್ ಎಳೆದೇ ಎಳೆಯುತ್ತೇನೆ. ಎಲ್ಲೂ ಕತ್ತಲೆ ಉಳಿಯಬಾರದು. "ನಿಮ್ಮ ಫೋಟೋಗಳಿಗೆ ಗಾಬರಿ ಆದಂಗಿದೆ," ಅಂದಿದ್ದರು ಸರ್. ಫೋಟೋಗೆ ಮಾತ್ರವೇ?

ಆಪರೇಷನ್ ಮಾತು ಎತ್ತಲಿಲ್ಲ. ನಾಳೆ.

ಡಿಸೆಂಬರ್ 4

ಇವತ್ತೂ ಎತ್ತಲಿಲ್ಲ. ಆದರೆ ಅಜ್ಜಿಯೇ ಕಣ್ಣಿನ ವಿಷಯಕ್ಕೆ ಬಂದಳು.

ಹಳೇ ಕೋಟೆಯ ಬಾಗಿಲ ಹತ್ತಿರ ಚಳಿ. ಸ್ವೆಟರ್ ಹಾಕಿಕೊಂಡೆ, ಎರಡು ವರ್ಷದ ಹಿಂದೆ ಹಾಸ್ಟೆಲಿಗೆಂದು ಅಜ್ಜಿಯೇ ಹೆಣೆದುಕೊಟ್ಟದ್ದು. ಅಜ್ಜಿ ಎಡಗಣ್ಣು ಮುಚ್ಚಿ ನೋಡಿದಳು. ಬಲಗಣ್ಣು ಮುಚ್ಚಿ ನೋಡಿದಳು. ಬಾಯಿ ಮೇಲೆ ಕೈ.

"ಅಯ್ಯೋ, ಇದು ನೇರಳೆ!"

"ಹೌದಲ್ಲ."

"ನಾನು ಬೂದಿ ಬಣ್ಣ ಅಂತ ಹೆಣೆದದ್ದು ಕಣೇ! ಹಳೇ ಕಣ್ಣಲ್ಲಿ ಈಗಲೂ ಬೂದೀನೇ."

ಇಡೀ ಡಾರ್ಮಿಟರಿ ನನ್ನನ್ನು "ಬದನೆಕಾಯಿ" ಅನ್ನುತ್ತಿತ್ತು ಎಂದೆ. ಅಜ್ಜಿ ಕೋಟೆ ಗೋಡೆಗೆ ಒರಗಿ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಎರಡೂ ಕಣ್ಣಲ್ಲಿ. ನನ್ನ ಕ್ಯಾಮೆರಾ ಅಲುಗಾಡಿ ಒಂಬತ್ತು ಫ್ರೇಮೂ ಹಾಳು. ಪರವಾಗಿಲ್ಲ.

ಈಗ ಎಲ್ಲದಕ್ಕೂ ಅದೇ ಆಟ. ಬೆಡ್‌ಶೀಟು, ಬಸ್ಸು, ಬೆಕ್ಕು. ಒಂದು ಕಣ್ಣು ಮುಚ್ಚು, ಇನ್ನೊಂದು ಮುಚ್ಚು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳು — "ಹಳೇ ಲೈನು... ಈಗ ಹೊಸ ಲೈನು," ಅನ್ನುತ್ತಾಳೆ.

ಡಿಸೆಂಬರ್ 7

ಎರಡು ದಿನ ಬರೆಯಲಿಲ್ಲ. ನೆಗಡಿ. ಅಜ್ಜಿಗಲ್ಲ, ನನಗೆ. ನೋಡಿಕೊಳ್ಳಬೇಕಾದವಳಿಗೆ ಬಿಸಿನೀರು ಕಾಯಿಸಿಕೊಟ್ಟದ್ದು ಅಜ್ಜಿ.

ಇವತ್ತು ಸರೋವರ. ದಡದಲ್ಲಿ ಬೆಂಚು, ಕಬ್ಬಿಣದ ಕಟಾಂಜನ, ಎದುರಿಗೆ ಬೆಟ್ಟ. ನಾಲ್ಕು ಗಂಟೆ. ಟ್ರೈಪಾಡ್ ನಿಲ್ಲಿಸಿ, ಎದೆ ಗಟ್ಟಿ ಮಾಡಿಕೊಂಡು, ಬಸ್ಸಿನಲ್ಲಿ ರಿಹರ್ಸಲ್ ಮಾಡಿದ್ದ ವಾಕ್ಯ ಶುರು ಮಾಡಿದೆ.

"ಅಜ್ಜಿ, ಎರಡನೇ ಕಣ್ಣಿಗೆ ಯಾಕೆ ಬೇಡ ಅಂತೀಯ? ಅಂದ್ರೆ... ಸುಮ್ನೆ ಕೇಳಿದೆ."

"ಸುಮ್ನೆ ಕೇಳಿದ್ಯಾ, ನಿಮ್ಮಮ್ಮ ಕೇಳು ಅಂದ್ಲಾ?"

ನಾನು ಲೆನ್ಸ್ ಒರೆಸಿದೆ. ಆಗಲೇ ಒರೆಸಿದ್ದ ಲೆನ್ಸು.

"ಬಾಯಿ ಬಿಟ್ಟು ಹೇಳಿದ್ರೆ ನಗ್ತೀರಿ ಅಂತ ಸುಮ್ನಿದ್ದೆ," ಅಂದಳು ಅಜ್ಜಿ. ಬಲಗಣ್ಣು ಮುಚ್ಚಿದಳು. "ಈಗ ನನಗೆ ಸಂಜೆ. ನೀರೆಲ್ಲ ಜೇನು. ಬೆಟ್ಟದ ಅಂಚೇ ಇಲ್ಲ, ಕರಗಿದೆ. ನಿನಗೇನು ಕಾಣ್ತಿದೆ?"

"ಮಧ್ಯಾಹ್ನ."

"ನೋಡಿದ್ಯಾ? ಹೊಸ ಕಣ್ಣಲ್ಲೂ ಅಷ್ಟೇ. ಟ್ಯೂಬ್‌ಲೈಟ್ ಹಾಕಿದ ಹಾಗೆ. ಗೋಡೆ ಮೇಲಿನ ಕಲೆಯೆಲ್ಲ ಕಾಣುತ್ತೆ, ನಿಮ್ಮಮ್ಮ ಜೇಡರ ಬಲೆ ತೆಗೆದಿಲ್ಲ ಅನ್ನೋದೂ ಕಾಣುತ್ತೆ. ಈ ಕಣ್ಣಲ್ಲಿ ನಾಲ್ಕಕ್ಕೇ ಸಂಜೆ ಬರುತ್ತೆ, ಆರೂವರೆವರೆಗೂ ಇರುತ್ತೆ. ಡ್ಯೂಟಿ ಮಾಡೋವಾಗ ಒಂದು ಸಂಜೆ ಕಂಡವಳಲ್ಲ ನಾನು. ಕಿಟಕಿ ಇಲ್ಲದ ರೂಮು. ಈಗ ಸಿಕ್ಕಿದೆ, ಅದನ್ನೂ ತೆಗೆಸು ಅಂತೀರಿ."

ರಿಹರ್ಸಲ್‌ನಲ್ಲಿ ಇದು ಇರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ — "ಆ ಸಂಜೇನ ಫೋಟೋ ತೆಗೆದಿಟ್ರೆ?"

"ನನ್ನ ಕಣ್ಣೊಳಗೆ ಕೂತು ತೆಗೀತೀಯಾ?"

"ನೀನು ಹೇಳು, ಅದೇ ಥರ ಮಾಡ್ತೀನಿ. ಲ್ಯಾಪ್‌ಟಾಪ್ ಇಲ್ಲಿಗೇ ತರ್ತೀನಿ. ಹಳದಿ ಬೇಕಾ, ಮಂಜು ಬೇಕಾ... ಅದೇ ಅಂತ ನಿನಗೆ ಅನ್ನಿಸೋವರೆಗೂ."

ಅಜ್ಜಿ ಬಲಗಣ್ಣೂ ತೆರೆದು ನನ್ನನ್ನು ನೋಡಿದಳು. ಎರಡೂ ಕಣ್ಣಿಂದ.

"ಮಾಡಿ ತೋರಿಸು. ಆಮೇಲೆ ಡಾಕ್ಟರ್ ವಿಷಯ."

ಡಿಸೆಂಬರ್ 8

ಸೋತೆ. ಏನಾಯಿತೋ ಅರ್ಥವಾಗುತ್ತಿಲ್ಲ.

ನಾಲ್ಕಕ್ಕೆ ಸರಿಯಾಗಿ ಮೂರು ಫ್ರೇಮ್. ಬೆಂಚಿನ ಮೇಲೇ ಮರ್ಜ್ ಮಾಡಿದೆ. ಬಿಸಿಲಿಗೆ ಸ್ಕ್ರೀನ್ ಕಾಣದು, ಅದಕ್ಕೆ ಲ್ಯಾಪ್‌ಟಾಪಿನ ಮೇಲೆ ಅಜ್ಜಿಯ ಶಾಲು ಹೊದಿಸಿದೆ. ಅಜ್ಜಿ ಹೊಸ ಕಣ್ಣನ್ನು ಕರ್ಚೀಫಿನಿಂದ ಕಟ್ಟಿಕೊಂಡು ಶಾಲಿನೊಳಗೆ ತಲೆ ತೂರಿಸಿ ಫೋಟೋ ನೋಡುವುದು, ತಲೆ ಹೊರಗೆ ತೆಗೆದು ಸರೋವರ ನೋಡುವುದು. ಆಮೆ. ವಾಕಿಂಗ್ ಬಂದವರೆಲ್ಲ ನಿಂತು ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಜ್ಜಿಗೆ ಪರಿವೆಯೇ ಇಲ್ಲ.

ನಾನು ಹಳದಿ ಏರಿಸಿದೆ. "ಜಾಸ್ತಿ ಆಯ್ತು, ಇಳಿಸು." ಮಂಜು ಹಾಕಿದೆ. "ಬೇಡ, ತೆಗಿ." ಇಳಿಸಿ ಇಳಿಸಿ... ಕೊನೆಗೆ ಅಜ್ಜಿ ಚಪ್ಪಾಳೆ ಹೊಡೆದಳು. "ಇದೇ! ಥೇಟ್ ಇದೇ!"

ಶಾಲು ತೆಗೆದು ನೋಡಿದೆ. ಮಾಮೂಲಿ ಮಧ್ಯಾಹ್ನದ ಫೋಟೋ. ಬಿಳಿ ಆಕಾಶ, ನೀಲಿ ನೀರು. ಜೇನೂ ಇಲ್ಲ, ಮಂಜೂ ಇಲ್ಲ. ಅಜ್ಜಿ ಕರ್ಚೀಫ್ ಬಿಚ್ಚಿ ಹೊಸ ಕಣ್ಣಿಂದ ನೋಡಿದಳು. ಮುಖ ಸಪ್ಪಗಾಯಿತು. "ಇದರಲ್ಲಿ ನನ್ನ ಸಂಜೆ ಎಲ್ಲಿದೆಯೇ?"

ನಾಡಿದ್ದು ಬೆಳಿಗ್ಗೆ ವಾಪಸ್ ಬಸ್. ಉಳಿದಿರುವುದು ನಾಳೆಯ ನಾಲ್ಕು ಗಂಟೆ, ಒಂದೇ.

ಡಿಸೆಂಬರ್ 9, ಬೆಳಿಗ್ಗೆ

ಸಿಕ್ಕಿತು!! ಎಂಥ ಪೆದ್ದಿ ನಾನು.

ಟೀ ಅಂಗಡಿಯ ಮುಂದೆ ಅಜ್ಜಿ ಆಪರೇಷನ್ ಆದಾಗ ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಳು. ಫೋನಿನಲ್ಲಿ ನಿನ್ನೆಯ ಫೋಟೋ ತೋರಿಸಿದೆ. "ಕಪ್ಪಗಿದೆ," ಅಂದಳು. ಕನ್ನಡಕ ತೆಗೆದು ನೋಡಜ್ಜಿ, ಅಂದೆ. "ರಸ್ತೆನೂ ಕಪ್ಪಗಿದೆ, ಫೋಟೋನೂ ಕಪ್ಪಗಿದೆ, ಸರಿಹೋಯ್ತಲ್ಲ?"

ಟೀ ಗ್ಲಾಸು ಹಾಗೇ ಹಿಡಿದುಕೊಂಡು ನಿಂತೆ. ಹೌದಲ್ಲ! ನಿನ್ನೆ ಸರೋವರ ನೋಡಿದ್ದೂ ಹಳೇ ಕಣ್ಣು, ಸ್ಕ್ರೀನ್ ನೋಡಿದ್ದೂ ಹಳೇ ಕಣ್ಣು. ಆ ಕಣ್ಣು ಎರಡಕ್ಕೂ ತಾನೇ ಹಳದಿ ಬಳಿಯುತ್ತಿತ್ತು. ನಾನು ಫೋಟೋಗೆ ಹಾಕಿದರೆ ಡಬಲ್! ಅದಕ್ಕೇ ಇಳಿಸು, ಇಳಿಸು ಅಂದದ್ದು. ಇಬ್ಬರೂ ಸೇರಿ ಶ್ರದ್ಧೆಯಿಂದ, ಒಂದೊಂದೇ ಸ್ಲೈಡರ್ ಹಿಡಿದು, ಏನೂ ಮಾಡದ ಫೋಟೋ ಮಾಡಿದ್ದೇವೆ.

ಸರೋವರಕ್ಕೆ ಹಳೇ ಕಣ್ಣು. ಸ್ಕ್ರೀನಿಗೆ ಹೊಸ ಕಣ್ಣು. ಅಷ್ಟೇ.

ಅಜ್ಜಿಗೆ ವಿವರಿಸಿದೆ. "ರಾಂಗ್ ನಂಬರ್ ಹೊಡೆದಿದ್ವಿ ಅನ್ನು," ಅಂದಳು.

ಡಿಸೆಂಬರ್ 9, ಸಂಜೆ

ನಿಧಾನವಾಗಿ ಬರೆಯಬೇಕು. ಆಗುತ್ತಿಲ್ಲ.

ಕರ್ಚೀಫ್ ಕೆಲಸಕ್ಕೆ ಬರಲಿಲ್ಲ, ಪ್ರತಿ ಸಲ ಬಿಚ್ಚಿ ಕಟ್ಟಬೇಕು. ಅಜ್ಜಿ ಕೈಯಲ್ಲೇ ಶುರು ಮಾಡಿದಳು. ತಲೆ ಹೊರಗೆ, ಬಲಗಣ್ಣು ಮುಚ್ಚು, "ಹಳೇ ಲೈನು." ತಲೆ ಒಳಗೆ, ಎಡಗಣ್ಣು ಮುಚ್ಚು, "ಹೊಸ ಲೈನು." ನಡುವೆ ಗಲಿಬಿಲಿಯಾಗಿ ಎರಡೂ ಮುಚ್ಚಿಕೊಂಡು, "ಕರೆಂಟ್ ಹೋಯ್ತೇನೇ?" ಆಮೇಲೆ ಕೈಯೂ ಬೇಡವೆಂದು ಬರೀ ರೆಪ್ಪೆ ಮಿಟುಕಿಸತೊಡಗಿದಳು. ಕಟಾಂಜನದ ಹತ್ತಿರ ನಿಂತಿದ್ದ ಬೆತ್ತದ ಕೋಲಿನ ಯಜಮಾನರೊಬ್ಬರು ಇವಳು ತಮಗೇ ಕಣ್ಣು ಹೊಡೆಯುತ್ತಿದ್ದಾಳೆ ಅಂದುಕೊಂಡು ಮಫ್ಲರ್ ಸರಿಮಾಡಿಕೊಂಡರು.

"ಅಜ್ಜಿ, ಅವರು ನಿನ್ನನ್ನೇ ನೋಡ್ತಿದ್ದಾರೆ!" ಪಿಸುಗುಟ್ಟಿದೆ.

"ನೋಡ್ಲಿ ಬಿಡು. ಹಳೇ ಕಣ್ಣಲ್ಲಿ ಪರವಾಗಿಲ್ಲ, ಚೆನ್ನಾಗೇ ಇದ್ದಾರೆ. ಹೊಸ ಕಣ್ಣಲ್ಲಿ ನೋಡಲ್ಲ ನಾನು."

ನಗು ತಡೆಯಲಾರದೆ ಸ್ಲೈಡರ್ ಎಲ್ಲೋ ಹೋಯಿತು. ಮತ್ತೆ ಮೊದಲಿಂದ.

ಹಳದಿ ಏರಿಸಿದೆ. "ಇನ್ನೂ." ಏರಿಸಿದೆ. "ಇನ್ನೂ, ಹೆದರ್ಬೇಡ." ನೀಲಿ ಪೂರ್ತಿ ಇಳಿಸಿದೆ. ಮೂರು ಫ್ರೇಮೂ ಇದ್ದದ್ದು ಒಳ್ಳೆಯದಾಯಿತು. ಒಂದೇ ಆಗಿದ್ದರೆ ನೀರಿನ ಮೇಲಿನ ಹೊಳಪು ಸುಟ್ಟು ಬೆಳ್ಳಗಾಗಿ, ಜೇನು ತುಂಬಲು ಅಲ್ಲಿ ಏನೂ ಉಳಿಯುತ್ತಿರಲಿಲ್ಲ. ಬೆಟ್ಟದ ಅಂಚು ಕರಗಿಸಿದೆ. ಸೂರ್ಯನ ಸುತ್ತ ದೊಡ್ಡ ಬಳೆ. ಮರಗಳ ಕೆಳಗಿನ ನೆರಳನ್ನು ಅಭ್ಯಾಸಬಲದಿಂದ ಬೆಳ್ಳಗೆ ಮಾಡಹೊರಟೆ.

"ಅದನ್ನ ಯಾಕೆ ಎಬ್ಬಿಸ್ತೀಯ? ಅಲ್ಲೇನೂ ಕಾಣಲ್ಲ ನನಗೆ. ಕತ್ತಲೆ ಇರ್ಲಿ."

ಬಿಟ್ಟೆ. ಸ್ಲೈಡರನ್ನು ಮೊದಲಿದ್ದಲ್ಲಿಗೇ ತಂದೆ.

ತಲೆ ಹೊರಗೆ. ತಲೆ ಒಳಗೆ. ಹೊರಗೆ. ಒಳಗೆ. ಆಮೇಲೆ ತಲೆ ಹೊರಗೆ ಬರಲೇ ಇಲ್ಲ. ನನಗೆ ಭಯವಾಯಿತು.

"ಅಜ್ಜಿ?"

"ಮುಟ್ಬೇಡ." ದನಿ ಬೇರೆಯಾಗಿತ್ತು. "ಇನ್ನೇನೂ ಮುಟ್ಬೇಡ ಕಣೇ. ಬಂತು."

ನಾನೂ ಶಾಲಿನೊಳಗೆ ತಲೆ ತೂರಿಸಿದೆ. ಇಬ್ಬರ ಕೆನ್ನೆ ತಾಗುವಷ್ಟೇ ಜಾಗ. ಇಡೀ ಸರೋವರ ಯಾರೋ ದೀಪ ಹಚ್ಚಿ ಮೇಲೆ ಹಳೇ ಹತ್ತಿಬಟ್ಟೆ ಮುಚ್ಚಿದ ಹಾಗೆ. ಬೆಟ್ಟವೋ ಮೋಡವೋ ಗೊತ್ತಾಗದು. ಒಂದು ದೋಣಿ, ಬರೀ ಬಂಗಾರದ ಚುಕ್ಕೆ. ಇಷ್ಟು ದಿನ ಅಜ್ಜಿ ಒಬ್ಬಳೇ ಇದರಲ್ಲಿ ಓಡಾಡಿದ್ದಾಳೆ. ಯಾರಿಗೂ ಗೊತ್ತಿಲ್ಲ! ಸರ್ ಏನನ್ನುತ್ತಾರೋ ಅನ್ನುವ ಯೋಚನೆ ಬಂತು, ಹೋಯಿತು. ಒಂದು ಸ್ಲೈಡರನ್ನೂ ಮುಟ್ಟದೆ ಸೇವ್ ಒತ್ತಿದೆ.

ಶಾಲಿನಿಂದ ಹೊರಬಂದ ಅಜ್ಜಿ ಮೂಗು ಒರೆಸಿಕೊಂಡು, ಎಕ್ಸ್‌ಚೇಂಜಿನ ದನಿಯಲ್ಲಿ, "ನಿಮ್ಮಮ್ಮನಿಗೆ ಲೈನ್ ಕೊಡು," ಅಂದಳು.

ಕೊಟ್ಟೆ.

"ಹದಿನಾರಕ್ಕೆ ನಾನು ರೆಡಿ. ಆಂ? ಅಳ್ತಿದ್ದೀಯಾ? ಅಳೋದು ಬಿಟ್ಟು ಆ ಜೇಡರ ಬಲೆ ಮೊದಲು ತೆಗಿ. ಎರಡೂ ಕಣ್ಣು ಬಂದ್ರೆ ನಿನ್ನ ಕಥೆ ಮುಗೀತು."

ಡಿಸೆಂಬರ್ 16

ಕಣ್ಣಾಸ್ಪತ್ರೆಯ ಕಾರಿಡಾರ್. ಅಜ್ಜಿ ಒಳಗೆ ಹೋಗಿದ್ದಾಳೆ. ಅಮ್ಮ ಇದ್ದ ಬದ್ದ ಬೋರ್ಡನ್ನೆಲ್ಲ ಓದುತ್ತಿದ್ದಾಳೆ. ನನ್ನ ಗಾಬರಿ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತು.

ಒಳಗೆ ಕರೆದಾಗ ಅಜ್ಜಿ ಎದ್ದು ನಿಂತು ಬಲಗಣ್ಣು ಮುಚ್ಚಿದಳು. ಕಾರಿಡಾರ್ ನೋಡಿದಳು, ಅಮ್ಮನನ್ನು, ನನ್ನನ್ನು. ನಿಧಾನವಾಗಿ. ಆಮೇಲೆ ನರ್ಸಿಗೆ, "ನಡಿಯಮ್ಮ."

ಏನೂ ಆಗಲ್ಲ. ಇಪ್ಪತ್ತು ನಿಮಿಷದ ಕೆಲಸ ಅಂತೆ. ಏನೂ ಆಗಲ್ಲ —

ಡಾಕ್ಟರ್ ಬಂದರು. ನಗುತ್ತಿದ್ದಾರೆ!

ಡಿಸೆಂಬರ್ 18, ಸಂಜೆ

ನಿನ್ನೆ ಪಟ್ಟಿ ಬಿಚ್ಚಿದರು. ಇವತ್ತು ಪ್ರಿಂಟ್ ತಂದೆ, ಅಜ್ಜಿಯ ಸಂಜೆ. ಟೇಬಲ್ಲಿನ ಮೇಲಿಟ್ಟೆ. ಎರಡೂ ಕಣ್ಣು ತೆರೆದು ನೋಡಿದಳು.

"ಇಷ್ಟು ಹಳದೀನಾ?"

"ಇಷ್ಟೇ ಅಜ್ಜಿ. ನೀನೇ ಹೇಳಿ ಮಾಡಿಸಿದ್ದು."

"ಟೀ ಚೆಲ್ಲಿದ ಹಾಗಿದೆಯಲ್ಲೇ!"

ಪ್ರಿಂಟ್ ವಾಪಸ್ ತೆಗೆದುಕೊಳ್ಳಲು ಕೈ ಚಾಚಿದೆ. ಆದರೆ ಅಜ್ಜಿ ನಗುತ್ತಿದ್ದಳು. ನಕ್ಕೂ ನಕ್ಕೂ ಪ್ರಿಂಟನ್ನು ಎದೆಗೆ ಒತ್ತಿಕೊಂಡಳು. "ಇದರಲ್ಲಿ ಬಸ್ ನಂಬರ್ ಹೇಗೆ ಓದ್ತಿದ್ನೋ! ಫ್ರೇಮ್ ಹಾಕಿಸು. ಯಾರಿಗೂ ಕೊಡ್ಬೇಡ. ನಿಮ್ಮ ಸರ್‌ಗೂ ತೋರಿಸಿ ವಾಪಸ್ ತಗೊಂಡು ಬಾ."

ಈಗ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. ನಾಲ್ಕರಿಂದ ಕಾಯುತ್ತಿದ್ದಾಳೆ — "ಇನ್ನೂ ಬರ್ಲಿಲ್ಲ," "ಇನ್ನೂ ಬೆಳಕಿದೆ," ಅಂತ ನನಗೆ ವರದಿ. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಯಿತು. ಈಗ ವರದಿ ನಿಂತಿದೆ. ಕಿಟಕಿಯಿಂದ ಅವಳ ಬೆನ್ನು ಮಾತ್ರ ಕಾಣುತ್ತಿದೆ, ಕುರ್ಚಿಯ ಅಂಚಿಗೆ ಬಂದು ಕೂತಿದ್ದಾಳೆ.

"ಬಾರೇ ಇಲ್ಲಿ! ನೀಲಿ! ಮನೆಗಳ ಮೇಲೆಲ್ಲ ನೀಲಿ ಇಳೀತಾ ಇದೆ! ಇದೆಲ್ಲಿತ್ತೇ ಇಷ್ಟು ವರ್ಷ?"

"ಕ್ಯಾಮೆರಾ ತರ್ತೀನಿ, ಇರು!"

"ಕ್ಯಾಮೆರಾ ಆಮೇಲೆ! ಹೋಗ್ಬಿಡುತ್ತೆ, ನೀನು ಬಾ!"

ಒಂದೇ ಸಾಲು ಬರೆದು ಹೋಗುತ್ತೇನೆ. ಆ ನೀಲಿ — ಬಂದೆ ಅಜ್ಜಿ!